ಸಹಾಯ ಬೇಕು: ರಾಮನ್ ಯಂತ್ರ ಕ್ಯಾಲಿಬ್ರೇಶನ್ ‘ಪಾಸ್’ ಅನ್ನುತ್ತದೆ, ಪೀಕ್ ಮಾತ್ರ ಜಾಗದಲ್ಲಿಲ್ಲ

ನಮಸ್ಕಾರ. ಬದಿಯಡ್ಕದ ಹತ್ತಿರ ತೆಂಗಿನೆಣ್ಣೆಯ ಕಲಬೆರಕೆ ನೋಡುವ ಸಣ್ಣ ಲ್ಯಾಬ್ ನಮ್ಮದು. ರಾಮನ್ ಯಂತ್ರ ಅಂದರೆ ಸ್ಯಾಂಪಲಿಗೆ ಲೇಸರ್ ಬಿಟ್ಟು, ಚದುರಿ ಬರುವ ಬೆಳಕಿನಿಂದ ಅದರಲ್ಲಿ ಏನಿದೆ ಅಂತ ಗುರುತಿಸುವಂಥದ್ದು. ನಮ್ಮದು 785 ನ್ಯಾನೊಮೀಟರ್ ಲೇಸರಿನದು, ಕೈಯಲ್ಲಿ ಹಿಡಿದು ಬೆಳಕು ಬಿಡುವ ಫೈಬರ್ ಪ್ರೋಬ್ ಇದೆ. ಆನ್ ಮಾಡಿದ ಕೂಡಲೇ ಒಳಗಿನ ನಿಯಾನ್ ದೀಪದಿಂದ ತಾನೇ ಕ್ಯಾಲಿಬ್ರೇಶನ್ (ಅಳತೆ ಸರಿಹೊಂದಿಸುವುದು) ಮಾಡಿಕೊಂಡು ‘ಪಾಸ್’ ತೋರಿಸುತ್ತದೆ. ಆದರೆ ಪೀಕುಗಳ ಜಾಗ ಮೊದಲೇ ಗೊತ್ತಿರುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಇಟ್ಟು ನೋಡಿದರೆ 1001.4 cm⁻¹ರಲ್ಲಿ (ರಾಮನ್ ಅಳತೆಯ ಮಾನ) ಬರಬೇಕಾದ ಪೀಕ್ 1005ರ ಹತ್ತಿರ ಬರುತ್ತದೆ. 1602ರದ್ದೂ ಅಷ್ಟೇ ಸರಿದಿದೆ.

ಲೇಸರ್ ಬಿಸಿಯಾಗಲು ಸಮಯ ಕೊಟ್ಟೆ, ಫೈಬರ್ ತುದಿ ಒರೆಸಿದೆ, ಎಸಿ ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ. ನಿಯಾನ್ ಸರಿಮಾಡುವುದು ಸ್ಪೆಕ್ಟ್ರೋಮೀಟರಿನ (ಬಂದ ಬೆಳಕನ್ನು ಬಿಡಿಸಿ ಅಳೆಯುವ ಭಾಗದ) ಅಳತೆಯನ್ನು ಮಾತ್ರ, ಲೇಸರಿನ ತರಂಗಾಂತರ ಅದಕ್ಕೆ ಗೊತ್ತೇ ಆಗುವುದಿಲ್ಲ. ಪೀಕಿನ ಜಾಗವನ್ನು ಲೆಕ್ಕ ಹಾಕುವುದು ಲೇಸರಿನ ತರಂಗಾಂತರದಿಂದ; ಪೀಕುಗಳೆಲ್ಲ ಸಮನಾಗಿ ಜರುಗಿದ್ದು ನೋಡಿದರೆ ಲೇಸರೇ 0.2 ನ್ಯಾನೊಮೀಟರಿನಷ್ಟು ಸರಿದಿರಬೇಕು ಅಂತ ನನ್ನ ಲೆಕ್ಕ. ಸಾಫ್ಟ್‌ವೇರಿನಲ್ಲಿ ಲೇಸರಿನ ಅಂಕಿ ತಿದ್ದುವ ಜಾಗ ಇದೆ, ಕೈ ಹಾಕಲು ಧೈರ್ಯ ಬರುತ್ತಿಲ್ಲ.

ಇದಕ್ಕಿಂತ ಹೆದರಿಕೆ ಇನ್ನೊಂದು. ಕ್ಯಾಲಿಬ್ರೇಶನ್ ನಡುವೆ ಸ್ಯಾಂಪಲ್ ಮುಚ್ಚಳ ತೆರೆದರೆ ಇಂಟರ್‌ಲಾಕ್ (ಸುರಕ್ಷತೆಯ ಸ್ವಿಚ್) ಲೇಸರನ್ನು ನಿಲ್ಲಿಸುತ್ತದೆ, ಸರಿ. ಮುಚ್ಚಿದ ಕೂಡಲೇ ಯಾರೂ ಬಟನ್ ಒತ್ತದೆ ಮತ್ತೆ ಆನ್ ಆಗುತ್ತದೆ. ಇದು 3ಬಿ ವರ್ಗದ ಲೇಸರ್, ಅಂದರೆ ನೇರ ಕಣ್ಣಿಗೆ ಬಿದ್ದರೆ ಅಪಾಯ. ಬೆಳಕು ಕಣ್ಣಿಗೆ ಕಾಣುವುದೇ ಕಷ್ಟ, ಹಾಗಾಗಿ ರೆಪ್ಪೆ ಮುಚ್ಚಿ ಕಣ್ಣು ಉಳಿಯುತ್ತದೆ ಅನ್ನುವ ಹಾಗಿಲ್ಲ. ಹೊಸ ಹುಡುಗಿಯರು ಪ್ರೋಬ್ ಹಿಡಿದು ಕೆಲಸ ಮಾಡುತ್ತಾರೆ.

ಇಂಥ ಯಂತ್ರ ಬಳಸಿದವರು ದಯವಿಟ್ಟು ಹೇಳಿ: ಪಾಲಿಸ್ಟೈರೀನ್ ಆಧಾರದಲ್ಲಿ ಲೇಸರಿನ ಅಂಕಿ ತಿದ್ದಿ ಮುಂದುವರಿಯಬಹುದಾ, ಅಥವಾ ಇಷ್ಟು ಸರಿದರೆ ಲೇಸರನ್ನೇ ಸರ್ವಿಸಿಗೆ ಕಳಿಸಬೇಕಾ? ಇಂಟರ್‌ಲಾಕಿಗೆ ಕೈಯಿಂದ ರೀಸೆಟ್ ಮಾಡಿದರೆ ಮಾತ್ರ ಲೇಸರ್ ಹೊತ್ತುವ ಹಾಗೆ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?