ಹಿರಿಯರ ಕಸುಬು ಯಾವುದಾಗಿತ್ತು? ಹಳೆಯ ದಾಖಲೆಗಳನ್ನು ಓದುವ ಬಗೆ – ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ. ನನ್ನ ಪತಿಯ ತಾಯಿಯ ಕಡೆಯವರು ಇಂಗ್ಲೆಂಡಿನವರು. ಮಕ್ಕಳಿಗಾಗಿ ಎರಡೂ ಕಡೆಯ ವಂಶವೃಕ್ಷವನ್ನು ಬರೆದಿಡಬೇಕೆಂದು ಕುಳಿತವಳಿಗೆ ನಮ್ಮ ಅತ್ತೆಯವರ ಮುತ್ತಾತನ ಕಸುಬು ಯಾವುದೆಂಬುದೇ ಬಿಡಿಸಲಾಗದ ಗಂಟಾಗಿ ಕುಳಿತಿದೆ. 1851ರ ಜನಗಣತಿಯಲ್ಲಿ ಅವರ ಹೆಸರಿನ ಮುಂದೆ 'ಆಗ್ ಲ್ಯಾಬ್' ಎಂದಿದೆ. 1861ರಲ್ಲಿ 'ಕಾರ್ಟರ್', ಅಂದರೆ ಗಾಡಿ ಹೊಡೆಯುವವರು. 1871ರ ಗಣತಿಯ ಸೂಚಿಯಲ್ಲಿ (ಮೂಲ ಪುಟಗಳನ್ನು ಓದಿ ತಯಾರಿಸಿದ ಪಟ್ಟಿಯಲ್ಲಿ) 'ಕೋಲ್ ಮೈನರ್', ಅಂದರೆ ಕಲ್ಲಿದ್ದಲು ಗಣಿಯ ಕಾರ್ಮಿಕ. ಆದರೆ 1874ರಲ್ಲಿ ನಡೆದ ಅವರ ಮಗನ ಮದುವೆಯ ದಾಖಲೆಯಲ್ಲಿ ತಂದೆಯ ವೃತ್ತಿ 'ಫಾರ್ಮರ್' ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಇಪ್ಪತ್ಮೂರು ವರ್ಷಗಳಲ್ಲಿ ನಾಲ್ಕು ಕಸುಬು! ನಾನು ಇಬ್ಬರು ಬೇರೆ ವ್ಯಕ್ತಿಗಳನ್ನು ಒಬ್ಬರೆಂದು ತಿಳಿದು ಬೆರೆಸಿಬಿಟ್ಟಿದ್ದೇನೆಯೇ? ಇವುಗಳಲ್ಲಿ ಯಾವುದನ್ನು ನಂಬಲಿ? 1871ರ ಪುಟದ ಚಿತ್ರವನ್ನು ಜೊತೆಗೆ ಹಾಕಿದ್ದೇನೆ.

ಉತ್ತರ: ನಮಸ್ಕಾರ. ಯಾವುದನ್ನು ನಂಬಬೇಕು ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಪ್ರತಿ ದಾಖಲೆಯಲ್ಲೂ ಆ ಮಾತನ್ನು ಯಾರು, ಯಾರಿಗೆ, ಏತಕ್ಕಾಗಿ ಹೇಳಿದರು ಎಂದು ಮೊದಲು ಕೇಳಿಕೊಳ್ಳಿ. ದಾಖಲೆಯಲ್ಲಿ ಕಾಣುವ ಕಸುಬು ಒಬ್ಬ ಮನುಷ್ಯನ ಇಡೀ ಬದುಕಿನ ವಿವರಣೆಯಲ್ಲ. ಒಂದು ದಿನ, ಒಬ್ಬ ಅಧಿಕಾರಿ ಕೇಳಿದ ಒಂದು ಪ್ರಶ್ನೆಗೆ ಸಿಕ್ಕ ಉತ್ತರ ಅದು. ಈ ದೃಷ್ಟಿಯಿಂದ ನೋಡಿದರೆ ನಿಮ್ಮ ನಾಲ್ಕು ಪದಗಳು ಪರಸ್ಪರ ಜಗಳವಾಡುವುದು ಬಹುಪಾಲು ನಿಲ್ಲುತ್ತದೆ.

'ಆಗ್ ಲ್ಯಾಬ್' ಎಂಬುದು 'ಅಗ್ರಿಕಲ್ಚರಲ್ ಲೇಬರರ್', ಅಂದರೆ ಹೊಲದ ಕೂಲಿಕಾರ ಎಂಬುದರ ಹ್ರಸ್ವರೂಪ. 1841ರ ಗಣತಿಯಲ್ಲಿ ಗಣತಿದಾರರಿಗೆ ಇಂಥ ಸಂಕ್ಷೇಪಗಳನ್ನು ಬಳಸಲು ಸೂಚನೆಯೇ ಇತ್ತು. ಅದೇ ರೂಢಿ ಮುಂದೆಯೂ ಉಳಿಯಿತು. ಈ ಎರಡು ತುಂಡು ಪದಗಳ ಅಡಿಯಲ್ಲಿ ಉಳುವವನು, ಕುರಿ ಕಾಯುವವನು, ಬೇಲಿ ಕಟ್ಟುವವನು, ಕುದುರೆ ನೋಡಿಕೊಳ್ಳುವವನು ಎಲ್ಲರೂ ಅಡಗಿಹೋಗಿರಬಹುದು. ಜಮೀನ್ದಾರನ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಯುವಕನೊಬ್ಬ ಹತ್ತು ವರ್ಷಗಳ ನಂತರ ಗಾಡಿ ಹೊಡೆಯುವವನಾಗಿ ಕಾಣಿಸಿಕೊಂಡರೆ ಅದು ಕಸುಬಿನ ಬದಲಾವಣೆಗಿಂತ ಹೆಚ್ಚಾಗಿ ಅದೇ ಕೆಲಸದ ಮುಂದುವರಿಕೆಯಾಗಿರುವ ಸಾಧ್ಯತೆಯೇ ಹೆಚ್ಚು.

ಇನ್ನು 1871ರ ಪುಟ. ನೀವು ಚಿತ್ರವನ್ನು ಹಾಕಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಸೂಚಿಯನ್ನು ಸಿದ್ಧಪಡಿಸಿದವರು ಎಡವಿದ್ದು ಇಲ್ಲೇ ಎಂದು ನನಗೆ ತೋರುತ್ತದೆ. ಕಸುಬಿನ ಅಂಕಣದ ಮೇಲೆ ದಪ್ಪ ಪೆನ್ಸಿಲಿನ ಓರೆ ಗೆರೆಯೊಂದು ಹಾದುಹೋಗಿರುವುದನ್ನು ನೋಡಿ. ಅದು ಹೊಡೆದುಹಾಕಿದ ಗುರುತಲ್ಲ. ಗಣತಿ ಕಚೇರಿಯ ಗುಮಾಸ್ತರು ಕಸುಬುಗಳನ್ನು ವಿಂಗಡಿಸಿ ಲೆಕ್ಕ ಹಾಕುವಾಗ, ಈ ಹೆಸರು ಎಣಿಕೆಯಾಯಿತು ಎಂದು ಎಳೆದುಕೊಂಡ ಗೆರೆ. ಆ ಕಾಲದ ಗಣತಿ ಪುಸ್ತಕಗಳಲ್ಲಿ ಇಂಥ ಗೆರೆಗಳು ಪುಟಪುಟದಲ್ಲೂ ಸಿಗುತ್ತವೆ ಮತ್ತು ನಮಗೆ ಅತಿ ಅಗತ್ಯವಾದ ಅಕ್ಷರಗಳನ್ನೇ ಮುಚ್ಚಿಬಿಡುತ್ತವೆ. ಚಿತ್ರವನ್ನು ದೊಡ್ಡದು ಮಾಡಿ, 'ಕೋಲ್' ಎಂಬುದರ ಮುಂದಿನ ಪದವನ್ನು ನಿಧಾನವಾಗಿ ಗಮನಿಸಿ. ಪದದ ನಡುವೆ ಒಂದು ಕಂಬ ಮೇಲಕ್ಕೆ ಎದ್ದು, ಅದರ ತಲೆಯ ಬಳಿ ಸಣ್ಣ ಅಡ್ಡಗೆರೆ ಇದೆ. 'ಮೈನರ್' ಪದದಲ್ಲಿ ಹಾಗೆ ಮೇಲೇಳುವ ಅಕ್ಷರವೇ ಇಲ್ಲ. ಅದೇ ಪುಟದ ಕೆಳಗೆ 'ಕಾರ್ಪೆಂಟರ್' ಎಂಬ ಪದವಿದೆ. ಅದರ ಮೊದಲ ಅಕ್ಷರವನ್ನೂ ಟಿ ಅಕ್ಷರವನ್ನೂ ಇದರ ಪಕ್ಕದಲ್ಲಿ ಇಟ್ಟು ಹೋಲಿಸಿದರೆ ಇದು 'ಕೋಲ್ ಕಾರ್ಟರ್', ಅಂದರೆ ಕಲ್ಲಿದ್ದಲು ಸಾಗಿಸುವ ಗಾಡಿಯವನು ಎಂದೇ ನನ್ನ ಓದು. ಅನುಮಾನ ಬಂದಾಗಲೆಲ್ಲ ಅದೇ ಗಣತಿದಾರನ ಕೈಬರಹದ ಬೇರೆ ಪದಗಳೇ ನಮಗೆ ನಿಘಂಟು. ಸೂಚಿ ದಾರಿ ತೋರಿಸುವ ಫಲಕ ಮಾತ್ರ. ಮೂಲ ಪುಟವನ್ನು ನೋಡದೆ ಸೂಚಿಯ ಪದವನ್ನು ವಂಶವೃಕ್ಷಕ್ಕೆ ಏರಿಸಬಾರದು. ಇನ್ನೊಂದು ಮಾತನ್ನೂ ನೆನಪಿಡಿ: 1841ರಿಂದ 1901ರವರೆಗಿನ ಗಣತಿಗಳಲ್ಲಿ ನಮಗೆ ಉಳಿದಿರುವುದು ಬಹುಮಟ್ಟಿಗೆ ಗಣತಿದಾರರು ನಕಲು ಮಾಡಿದ ಪುಸ್ತಕಗಳು, ಮನೆಯವರು ತುಂಬಿದ ನಮೂನೆಗಳಲ್ಲ. 1911ರ ಮತ್ತು 1921ರ ಗಣತಿಗಳಲ್ಲಿ ಮನೆಯವರೇ ತುಂಬಿದ ಹಾಳೆಗಳು ಉಳಿದುಕೊಂಡಿವೆ. ಆದ್ದರಿಂದ ಅಲ್ಲಿ ಎಷ್ಟೋ ಕಡೆ ನಮ್ಮ ಹಿರಿಯರ ಸ್ವಂತ ಕೈಬರಹವೇ ಕಣ್ಣಿಗೆ ಬೀಳುತ್ತದೆ.

ಕೊನೆಯದು ಮದುವೆಯ ದಾಖಲೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1837ರ ಜುಲೈ 1ರಿಂದ ಸರ್ಕಾರಿ ನೋಂದಣಿ ಆರಂಭವಾಯಿತು, ಮತ್ತು ಮದುವೆಯ ನೋಂದಣಿಯಲ್ಲಿ ವಧೂವರರ ತಂದೆಯರ ವೃತ್ತಿಯನ್ನೂ ಬರೆಸಬೇಕಿತ್ತು. ಈ ಮಾಹಿತಿಯನ್ನು ಕೊಟ್ಟವರು ತಂದೆಯಲ್ಲ, ಮದುವೆಯಾಗುತ್ತಿದ್ದ ಮಕ್ಕಳು. ಬೀಗರ ಎದುರಿನಲ್ಲಿ ತಂದೆಯನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸಿ ಹೇಳುವುದು ಅಪರೂಪವಾಗಿರಲಿಲ್ಲ. ಹಾಗೆಂದು ಇದು ಸುಳ್ಳೆಂದು ಈಗಲೇ ತೀರ್ಮಾನಿಸಬೇಡಿ, ಏಕೆಂದರೆ ಇದನ್ನು ಪರೀಕ್ಷಿಸಲು ದಾರಿಯಿದೆ. 1851ರಿಂದ ಆ ಶತಮಾನದ ಹಲವು ಗಣತಿಗಳಲ್ಲಿ ರೈತರು ತಮ್ಮ ಭೂಮಿ ಎಷ್ಟು ಎಕರೆ, ಎಷ್ಟು ಮಂದಿ ಆಳುಗಳನ್ನು ಇಟ್ಟುಕೊಂಡಿದ್ದಾರೆ ಎಂದು ಹೇಳಬೇಕಿತ್ತು. ಆದ್ದರಿಂದ 1881ರ ಗಣತಿಯಲ್ಲಿ ಅವರ ಹೆಸರನ್ನು ಹುಡುಕಿ. ನಿಜವಾಗಿ ಬೇಸಾಯಗಾರರಾಗಿದ್ದರೆ ಎಕರೆಗಳ ಲೆಕ್ಕ ಅಲ್ಲಿ ಸಿಗುವ ಸಂಭವ ಹೆಚ್ಚು.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಇದೇ ಎಳೆಯಲ್ಲಿ ನನ್ನದೂ ಒಂದು ಪ್ರಶ್ನೆಯಿದೆ. ನಾನು ಹುಡುಕುತ್ತಿರುವ ಕುಟುಂಬದಲ್ಲಿ ಗಂಡಸರ ಕಸುಬೆಲ್ಲ ಸಿಗುತ್ತದೆ. ಹೆಂಗಸರ ಹೆಸರಿನ ಮುಂದೆ ಮಾತ್ರ ಗಣತಿಯ ಪ್ರತಿ ಪುಟದಲ್ಲೂ ಬರೀ ಖಾಲಿ ಜಾಗ. ಅವರು ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ ಎಂದು ಬರೆಯಬಹುದೇ?

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ಈ ವಿಷಯದಲ್ಲಿ ನಾನು ಸ್ವಲ್ಪ ಒತ್ತಿ ಹೇಳುತ್ತೇನೆ, ಏಕೆಂದರೆ ಕುಟುಂಬ ಚರಿತ್ರೆಗಳಲ್ಲಿ ಅತಿ ಹೆಚ್ಚು ಅನ್ಯಾಯವಾಗುವುದು ಈ ಖಾಲಿ ಅಂಕಣದಿಂದಲೇ. 1841ರ ಗಣತಿಯ ಸೂಚನೆಯಲ್ಲೇ, ಗಂಡನ ಅಥವಾ ತಂದೆತಾಯಿಯರ ಜೊತೆಯಲ್ಲಿದ್ದು ಅವರಿಗೆ ನೆರವಾಗುವ, ಆದರೆ ಕೂಲಿ ಪಡೆಯದ ಹೆಂಡತಿ ಮತ್ತು ಮಕ್ಕಳ ಕಸುಬನ್ನು ಬರೆಯಬೇಕಾಗಿಲ್ಲ ಎಂದಿತ್ತು. ಅಂದರೆ ಮಗ್ಗದ ಪಕ್ಕದಲ್ಲಿ ಕುಳಿತು ದಿನವಿಡೀ ನೂಲು ಸುತ್ತಿದ ಹೆಂಗಸಿನ ಅಂಕಣ ಖಾಲಿ ಉಳಿದದ್ದು ಆಕೆಗೆ ಕೆಲಸವಿಲ್ಲದೆ ಅಲ್ಲ, ಆ ಕೆಲಸವನ್ನು ನಮೂನೆ ಕೇಳದೆ ಇದ್ದುದರಿಂದ. ಜೊತೆಗೆ, ಮುಂದಿನ ಗಣತಿಗಳು ಸಾಮಾನ್ಯವಾಗಿ ಮಾರ್ಚ್ ಕೊನೆಯಲ್ಲೋ ಏಪ್ರಿಲ್ ಮೊದಲಲ್ಲೋ ನಡೆದವು: 1851ರದು ಮಾರ್ಚ್ 30, 1861ರದು ಏಪ್ರಿಲ್ 7, 1871ರದು ಏಪ್ರಿಲ್ 2. ಕೊಯ್ಲಿನ ಕಾಲದಲ್ಲಿ ಹೊಲಕ್ಕಿಳಿದ ಹೆಂಗಸರ ದುಡಿಮೆ ಆ ದಿನಾಂಕಗಳಲ್ಲಿ ಕಾಣಿಸುವುದು ಹೇಗೆ ಸಾಧ್ಯ?

ಮದುವೆಯ ದಾಖಲೆಯದೂ ಇದೇ ಕಥೆ. 1837ರಿಂದಲೂ ತಂದೆಯರ ಹೆಸರು, ವೃತ್ತಿಗೆ ಅಲ್ಲಿ ಜಾಗವಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ತಾಯಂದಿರ ವಿವರ ಸೇರಿದ್ದು 2021ರ ಮೇ 4ರಿಂದ. 1939ರ ಸೆಪ್ಟೆಂಬರಿನಲ್ಲಿ, ಯುದ್ಧ ಶುರುವಾದೊಡನೆ ಸಿದ್ಧವಾದ ರಾಷ್ಟ್ರೀಯ ನೋಂದಣಿಯಲ್ಲಿ ಅಸಂಖ್ಯ ಗೃಹಿಣಿಯರ ಮುಂದೆ 'ಸಂಬಳವಿಲ್ಲದ ಮನೆಗೆಲಸ' ಎಂಬ ಒಂದೇ ಪದಗುಚ್ಛವಿದೆ. ಓದುವಾಗ ಮನಸ್ಸಿಗೆ ನಾಟುವ ಮಾತದು, ಆದರೆ ಖಾಲಿ ಅಂಕಣಕ್ಕಿಂತ ಅದು ಎಷ್ಟೋ ಪ್ರಾಮಾಣಿಕ.

ಹುಡುಕಬೇಕಾದುದು ಬೇರೆಡೆ. ಗಂಡ ತೀರಿಕೊಂಡ ನಂತರದ ಮೊದಲ ಗಣತಿಯನ್ನು ನೋಡಿ. ಅದುವರೆಗೆ ಖಾಲಿ ಇದ್ದ ಅಂಕಣದಲ್ಲಿ ಇದ್ದಕ್ಕಿದ್ದಂತೆ ಅಂಗಡಿಯವಳು, ಬಟ್ಟೆ ಒಗೆಯುವವಳು, ಹೊಲಿಗೆಯವಳು ಎಂಬ ಪದ ಕಾಣಿಸುತ್ತದೆ. ಅವಳು ಆ ಕೆಲಸವನ್ನು ಆ ವರ್ಷವೇ ಕಲಿತಳೆಂದು ನಂಬುವುದು ಕಷ್ಟ. ವ್ಯಾಪಾರಿಗಳ ಡೈರೆಕ್ಟರಿಗಳಲ್ಲಿ ಗಂಡನ ಹೆಸರಿದ್ದ ಜಾಗದಲ್ಲಿ ವಿಧವೆಯ ಹೆಸರು ಬರುವುದೂ ಉಂಟು. ಉಯಿಲಿನಲ್ಲಿ ಉಪಕರಣಗಳನ್ನು ಯಾರಿಗೆ ಬಿಟ್ಟಿದ್ದಾರೆ ಎಂಬುದನ್ನೂ ಓದಿ. ಗಣಿ ಪ್ರದೇಶದವರಾಗಿದ್ದರೆ ಒಂದು ಎಚ್ಚರಿಕೆ: 1842ರ ಕಾಯ್ದೆ ಹೆಂಗಸರು ನೆಲದಡಿಯಲ್ಲಿ ದುಡಿಯುವುದನ್ನು ನಿಷೇಧಿಸಿತು, ಆದರೆ ಗಣಿಯ ಬಾಯಿಯ ಬಳಿ ಕಲ್ಲಿದ್ದಲು ಬೇರ್ಪಡಿಸುವ ಕೆಲಸದಲ್ಲಿ ಅವರು ಮುಂದೆಯೂ ಇದ್ದರು.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ಲ್ಯಾಟಿನ್ ಭಾಷೆಯಲ್ಲಿರುವ ಹಳೆಯ ಚರ್ಚ್ ದಾಖಲೆಯೊಂದರಲ್ಲಿ ಪೂರ್ವಿಕರೊಬ್ಬರನ್ನು 'ಫಾಬೆರ್' ಎಂದು ಬರೆದಿದ್ದಾರೆ. ನಿಘಂಟು ಕಮ್ಮಾರ ಎನ್ನುತ್ತದೆ. ಹಾಗೆಯೇ ಬರೆದುಕೊಳ್ಳಬಹುದೇ?

ಉತ್ತರ: ಈಗಲೇ ಬೇಡ. 'ಫಾಬೆರ್' ಎಂದರೆ ಗಟ್ಟಿ ವಸ್ತುವಿನಲ್ಲಿ ಕೆಲಸ ಮಾಡುವ ಕುಶಲಕರ್ಮಿ. 'ಫಾಬೆರ್ ಫೆರ್ರಾರಿಯುಸ್' ಆದರೆ ಕಮ್ಮಾರ, 'ಫಾಬೆರ್ ಲಿಗ್ನಾರಿಯುಸ್' ಆದರೆ ಬಡಗಿ. ಎರಡನೆಯ ಪದವನ್ನು ಬಿಟ್ಟು ಬರೆದಿದ್ದರೆ ಅದೇ ಪಾದ್ರಿ ಅದೇ ಪುಸ್ತಕದಲ್ಲಿ ಬಡಗಿಗಳನ್ನು ಹೇಗೆ ಬರೆಯುತ್ತಿದ್ದರೆಂದು ಹತ್ತಾರು ಪುಟ ಹಿಂದುಮುಂದು ತಿರುಗಿಸಿ ನೋಡಿ. 'ಟೆಕ್ಸ್‌ಟೋರ್' ನೇಕಾರ, 'ಸೂಟೋರ್' ಚಪ್ಪಲಿ ಹೊಲಿಯುವವನು, 'ಮೋಲಿಟೋರ್' ಹಿಟ್ಟಿನ ಗಿರಣಿಯವನು. ಈ ಮೂರರಲ್ಲಿ ಅಷ್ಟು ಗೊಂದಲವಿಲ್ಲ. ನಿರ್ಧಾರವಾಗುವವರೆಗೆ ನಿಮ್ಮ ವಂಶವೃಕ್ಷದಲ್ಲಿ ಮೂಲ ಪದವನ್ನೇ ಇರಿಸಿ, ಪಕ್ಕದಲ್ಲಿ ನಿಮ್ಮ ಊಹೆಯನ್ನು ಊಹೆಯೆಂದೇ ಗುರುತು ಮಾಡಿ ಬರೆಯಿರಿ. ಅನುವಾದವನ್ನು ಮಾತ್ರ ಉಳಿಸಿಕೊಂಡರೆ, ಮುಂದೆ ತಪ್ಪನ್ನು ತಿದ್ದಲು ಬರುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಅದೇ ಸದಸ್ಯರು: ಆ ಊರಿನಲ್ಲಿ ಅದೇ ಹೆಸರಿನ ಇನ್ನೊಬ್ಬರೂ ಇದ್ದರು. ಕಸುಬಿನ ಆಧಾರದಿಂದ ಇಬ್ಬರನ್ನು ಬೇರೆ ಮಾಡಬಹುದೇ?

ಉತ್ತರ: ಕಸುಬು ಎಂಥದ್ದು ಎಂಬುದರ ಮೇಲೆ ಅದು ನಿಂತಿದೆ. ಒಬ್ಬರು ಗಡಿಯಾರ ಮಾಡುವವರು, ಇನ್ನೊಬ್ಬರು ಕೂಲಿಕಾರರು ಎಂದಾದರೆ ಭೇದ ಬಲವಾದದ್ದು, ಏಕೆಂದರೆ ಮೊದಲನೆಯದಕ್ಕೆ ವರ್ಷಗಟ್ಟಲೆ ಕಲಿಕೆ ಬೇಕು. ಬ್ರಿಟನ್ನಿನಲ್ಲಿ 1710ರಿಂದ ಸುಮಾರು ನೂರು ವರ್ಷ, ಶಿಷ್ಯನನ್ನು ಸೇರಿಸಿಕೊಳ್ಳಲು ಗುರು ಪಡೆದ ಹಣದ ಮೇಲೆ ತೆರಿಗೆಯಿತ್ತು. ಆ ತೆರಿಗೆಯ ಪುಸ್ತಕಗಳಲ್ಲಿ ಗುರುವಿನ ಹೆಸರು, ಊರು, ಕಸುಬು, ಶಿಷ್ಯನ ಹೆಸರು ಇರುತ್ತವೆ, ಮೊದಲ ನಲವತ್ತು ವರ್ಷಗಳಲ್ಲಿ ಸಾಮಾನ್ಯವಾಗಿ ಶಿಷ್ಯನ ತಂದೆಯ ಹೆಸರೂ ಇರುತ್ತದೆ. ಆದರೆ ತಂದೆಯ ಬಳಿಯೇ ಕಸುಬು ಕಲಿತ ಮಗನಿಗೆ ಶಿಷ್ಯನಾಗಿ ಸೇರುವ ಒಪ್ಪಂದದ ಪತ್ರವೇ ಇರದಿರಬಹುದು. ಅನಾಥ ಮಕ್ಕಳನ್ನು ಸಾರ್ವಜನಿಕ ಖರ್ಚಿನಲ್ಲಿ ಕೆಲಸಕ್ಕೆ ಸೇರಿಸಿದಾಗ ತೆರಿಗೆಯೂ ಇರಲಿಲ್ಲ. ಆದ್ದರಿಂದ ಆ ಪುಸ್ತಕದಲ್ಲಿ ಹೆಸರು ಸಿಗದಿದ್ದರೆ ಕಸುಬು ಕಲಿತಿರಲಿಲ್ಲ ಎಂದು ಅರ್ಥವಲ್ಲ. ಇಬ್ಬರೂ ಕೂಲಿಕಾರರಾಗಿದ್ದರೆ ಕಸುಬು ಏನನ್ನೂ ಹೇಳದು; ಆಗ ಹೆಂಡತಿಯ ಹೆಸರು, ಮನೆಯಿದ್ದ ಸ್ಥಳ, ಮದುವೆಗೆ ಸಾಕ್ಷಿ ಹಾಕಿದವರು ಇವುಗಳನ್ನೇ ನೆಚ್ಚಬೇಕು. ಇಂಗ್ಲೆಂಡಿನ ಚರ್ಚಿನವರಾದರೆ 1813ರ ಜನವರಿ 1ರಿಂದ ಮಕ್ಕಳ ದೀಕ್ಷಾಸ್ನಾನದ ಮುದ್ರಿತ ನಮೂನೆಯಲ್ಲಿ ತಂದೆಯ ಕಸುಬಿಗೆ ಅಂಕಣವಿದೆ. ಎರಡೂ ಮನೆಗಳ ಮಕ್ಕಳೆಲ್ಲರ ದಾಖಲೆಗಳನ್ನು ಕಾಲಕ್ರಮದಲ್ಲಿ ಅಕ್ಕಪಕ್ಕ ಬರೆದುಕೊಂಡರೆ ಎರಡು ಬದುಕುಗಳು ತಾವಾಗಿಯೇ ಬೇರೆಯಾಗುವುದನ್ನು ಅನೇಕ ಸಲ ಕಂಡಿದ್ದೇನೆ.

ಮೊದಲ ಪ್ರಶ್ನೆ ಕೇಳಿದ ಸದಸ್ಯೆ: ನೀವು ಹೇಳಿದಂತೆ 1881ರ ಪುಟವನ್ನು ಹುಡುಕಿದೆ. ಅವರೇ ಸಿಕ್ಕಿದರು, ಹೆಂಡತಿಯ ಹೆಸರೂ ಹುಟ್ಟಿದ ಊರೂ ಸರಿಯಾಗಿ ಹೊಂದುತ್ತವೆ. ಕಸುಬಿನ ಅಂಕಣದಲ್ಲಿ '11 ಎಕರೆಯ ರೈತ ಮತ್ತು ಗಾಡಿಯವನು' ಎಂದು ಎರಡನ್ನೂ ಬರೆದಿದ್ದಾರೆ. 1871ರ ಪದವನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ. ಟಿ ಅಕ್ಷರ ಈಗ ನನಗೂ ಕಾಣುತ್ತಿದೆ. ಹಾಗಾದರೆ ಮಗ ಹೇಳಿದ್ದು ನಿಜವೇ?

ಉತ್ತರ: ನನಗೆ ನಿಜವಾಗಿಯೂ ಸಂತೋಷವಾಯಿತು. 1874ರಲ್ಲೇ ಆ ಭೂಮಿ ಅವರ ಕೈಯಲ್ಲಿತ್ತೇ ಎಂಬುದೊಂದು ಉಳಿದಿದೆ, ಆದರೆ ಮಗನ ಮಾತು ಆಧಾರವಿಲ್ಲದ್ದಲ್ಲ ಎಂಬುದು ಈಗ ಸ್ಪಷ್ಟ. ಹನ್ನೊಂದು ಎಕರೆಯ ಆದಾಯ ಒಂದು ಸಂಸಾರಕ್ಕೆ ಸಾಲದೆ, ಕುದುರೆ ಮತ್ತು ಗಾಡಿ ಇದ್ದವರು ಬಾಡಿಗೆಗೆ ಸಾಮಾನು ಸಾಗಿಸುವುದು ಸಹಜವಾಗಿತ್ತು. ನೀವು ನಾಲ್ಕು ಕಸುಬು ಎಂದು ಎಣಿಸಿದ್ದು ಕುದುರೆಯ ಹಿಂದೆಯೇ ಸಾಗಿದ ಒಂದೇ ದುಡಿಮೆಯಾಗಿರಬಹುದು. ಆ ಪ್ರದೇಶದ ದಾಖಲೆ ಸಂಗ್ರಹಾಲಯದಲ್ಲಿ 1870ರ ದಶಕದ ಸ್ಥಳೀಯ ತೆರಿಗೆ ಪುಸ್ತಕಗಳು ಉಳಿದಿವೆಯೇ ಎಂದು ಪತ್ರ ಬರೆದು ವಿಚಾರಿಸಿ. ಅವುಗಳಲ್ಲಿ ಭೂಮಿಯ ಒಡೆಯ ಯಾರು, ಅನುಭವಿಸುತ್ತಿದ್ದವರು ಯಾರು ಎಂದು ಬೇರೆ ಬೇರೆ ಅಂಕಣಗಳಿರುತ್ತವೆ; ಅವರು ಗೇಣಿಗೆ ಉಳುತ್ತಿದ್ದರೋ, ಸ್ವಂತ ಭೂಮಿಯೋ ಎಂಬುದೂ ಅಲ್ಲಿಯೇ ತಿಳಿಯಬಹುದು. ಪತ್ರದಲ್ಲಿ ಅವರ ಹೆಸರಿನ ಜೊತೆಗೆ 1881ರ ಪುಟದಲ್ಲಿರುವ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಹೆಸರನ್ನೂ ಮನೆಯ ವಿಳಾಸವನ್ನೂ ತಪ್ಪದೆ ಬರೆಯಿರಿ.