ಯಕ್ಷಗಾನ ವೇಷದ ಮೇಲೆ ಇಂಕಿನ ಹೊಗೆ: ಮಲ್ಟಿಪ್ಲೈ ಹಾಕಿದರೆ ಅರ್ಧ ಇಂಕು ಮಾಯ, ಯಾರಾದರೂ ಹೇಳಿ

ಕುಂಬ್ಳೆ ಫ್ಲ್ಯಾಶ್
ಮೂರು ದಿನದಿಂದ ಇದೇ ಕೆಲಸ, ತಲೆ ಕೆಟ್ಟು ಹೋಗಿದೆ. ತೆಂಕುತಿಟ್ಟಿನ ಪುಂಡುವೇಷದ (ತರುಣ ವೀರನ ಪಾತ್ರದ) ಪೋರ್ಟ್ರೇಟ್ ಒಂದುಂಟು. ಸೋಗೆವಲ್ಲಿಯ (ವೇಷದ ಶಾಲಿನಂಥ ಬಟ್ಟೆಯ) ತುದಿಯಿಂದ ನೀಲಿ ಇಂಕು ಹೊಗೆಯ ಹಾಗೆ ಎದ್ದು ಹೊರಗೆ ಹರಡಬೇಕು. ಇಂಕು ಬೇರೆಯೇ ತೆಗೆದದ್ದು, ಮೀನಿನ ಗಾಜಿನ ತೊಟ್ಟಿಯಲ್ಲಿ, ಹಿಂದೆ ಬಿಳಿ ಹಾಳೆ. ಫೋಟೋಶಾಪಿನಲ್ಲಿ ಇಂಕಿನ ಲೇಯರ್ ಮೇಲಿಟ್ಟು ಮಲ್ಟಿಪ್ಲೈ (ಲೇಯರ್ ಬೆರೆಸುವ ಒಂದು ಮೋಡ್) ಹಾಕಿದರೆ ದಗಲೆಯ (ವೇಷದ ಮೇಲಂಗಿಯ) ಮೇಲೆ ಇಂಕು ಕಾಣ್ತದೆ, ಹೊರಗೆ ಹೋದದ್ದು ಪೂರ್ತಿ ಮಾಯ. ಮುಖ ಮಬ್ಬು. ಸೊಂಟದ ಹತ್ತಿರ ಗೀಟು ಎಳೆದ ಹಾಗೆ ಅಡ್ಡಗೆರೆ. ಸ್ಕ್ರೀನ್ ಮೋಡ್ ಹಾಕಿದರೆ ಇಡೀ ಚೌಕ ಬಿಳಿ. ಯೂಟ್ಯೂಬಿನಲ್ಲಿ ಎಲ್ಲರಿಗೂ ಒಂದೇ ಕ್ಲಿಕ್ಕಿಗೆ ಆಗ್ತದೆ, ನನಗೆ ಮಾತ್ರ ಯಾಕೆ ಆಗುದಿಲ್ಲ?

ಪಯಸ್ವಿನಿ ರಾ
ನಿಮ್ಮ ಬಿಳಿ ಬಿಳಿಯಲ್ಲ, ಅಷ್ಟೇ ವಿಷಯ. ಇಂಕಿನ ಫೋಟೋದ ಖಾಲಿ ಜಾಗದಲ್ಲಿ ಐಡ್ರಾಪರ್ ಇಟ್ಟು ಇನ್ಫೋ ಪ್ಯಾನೆಲ್ ನೋಡಿ. 0 ಅಂದರೆ ಕಪ್ಪು, 255 ಅಂದರೆ ಅಪ್ಪಟ ಬಿಳಿ. ಎಷ್ಟು ತೋರಿಸ್ತದೆ?

ಕುಂಬ್ಳೆ ಫ್ಲ್ಯಾಶ್
ನಡುವಿನಲ್ಲಿ 215, ಮೂಲೆಯಲ್ಲಿ 180ರ ಹತ್ತಿರ.

ಪಯಸ್ವಿನಿ ರಾ
ಹೇಳಿದೆನಲ್ಲ. ಮಲ್ಟಿಪ್ಲೈ ಅಂದರೆ ಗುಣಾಕಾರ. 255 ಇದ್ದಲ್ಲಿ ಮಾತ್ರ ಕೆಳಗಿನ ಚಿತ್ರ ಇದ್ದ ಹಾಗೆಯೇ ಉಳಿಯುವುದು. 215 ಇದ್ದರೆ ಕೆಳಗಿನ ಪ್ರತಿ ಬಿಂದುವೂ 84 ಶೇಕಡಾಕ್ಕೆ ಇಳಿಯುತ್ತದೆ, 180 ಇದ್ದರೆ 70ಕ್ಕೆ. ಮುಖ ಮಬ್ಬಾದದ್ದು ಅದರಿಂದ. ಇಂಕಿನ ಫೋಟೋ ಎಲ್ಲಿ ಮುಗಿಯುತ್ತದೋ ಅಲ್ಲೇ ನಿಮ್ಮ ಅಡ್ಡಗೆರೆ.

ಲೆವೆಲ್ಸಿನಲ್ಲಿ (ಕಪ್ಪು-ಬಿಳಿಯ ಮಿತಿ ಬದಲಿಸುವಲ್ಲಿ) ಬಿಳಿ ತುದಿಯನ್ನು 215ಕ್ಕೆ ಎಳೆದರೆ ನಡು ಸರಿಯಾಗ್ತದೆ, ಮೂಲೆ ಬೂದಾಗಿಯೇ ಉಳಿಯುತ್ತದೆ. 180ಕ್ಕೆ ಎಳೆದರೆ ಇಂಕಿನ ತೆಳು ಎಳೆಗಳೇ ಹೋದವು. ಹಾಗಾಗಿ ಖಾಲಿ ತೊಟ್ಟಿಯ ಫೋಟೋ ಬೇಕು: ಅದೇ ಟ್ರೈಪಾಡ್, ಅದೇ ಬೆಳಕು, ಅದೇ ಫೋಕಸ್, ನೀರಿದೆ, ಇಂಕಿಲ್ಲ. ಅದನ್ನು ಇಂಕಿನ ಫೋಟೋದ ಮೇಲೆ ಲೇಯರ್ ಮಾಡಿ ಡಿವೈಡ್ ಮೋಡ್ ಹಾಕಿ. ಎರಡರಲ್ಲೂ ಒಂದೇ ಬೆಲೆ ಇದ್ದ ಕಡೆ ಭಾಗಲಬ್ಧ 1, ಅಂದರೆ ಅಪ್ಪಟ ಬಿಳಿ. ನಡುವೂ ಮೂಲೆಯೂ ಒಂದೇ ಸಲಕ್ಕೆ ಸರಿ. ಹಿನ್ನೆಲೆ ನುಣುಪಾಗಿದ್ದರೆ ಖಾಲಿ ಫೋಟೋಕ್ಕೆ 20 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಡಿ, ಅದರ ನಾಯ್ಸ್ ಇಂಕಿಗೆ ಸೇರುವುದಿಲ್ಲ. ಗಾಜಿನಲ್ಲಿ ಕಲೆ ಇದ್ದರೆ ಬ್ಲರ್ ಬೇಡ, ಕಲೆ ಕಲೆಯನ್ನೇ ಕಳೆಯಬೇಕು. ಕೆಲಸ 16 ಬಿಟ್ಟಿನಲ್ಲಿ ಆಗಲಿ. ಕೊನೆಗೆ ಎರಡೂ ಲೇಯರ್ ಮರ್ಜ್ ಮಾಡಿ ಮಲ್ಟಿಪ್ಲೈ.

ಬಾಯಾರು ಸುರಂಗ
ನೀರು ಯಾವುದು ಅಂತ ಯಾರೂ ಕೇಳಲಿಲ್ಲ. ಅಳಿವೆ ಬದಿಯ ಬಾವಿಯಾದರೆ ಬೇಸಗೆಯಲ್ಲಿ ಉಪ್ಪು ಹತ್ತುತ್ತದೆ. ಉಪ್ಪುನೀರಿನಲ್ಲಿ ಕಾರ್ಬನ್ ಇಂಕು ತರಿತರಿಯಾಗಿ ಮುದ್ದೆ ಕಟ್ಟುತ್ತದೆ. ನೀರು ಭಾರ ಆದ ಕಾರಣ ಇಂಕು ಕೆಳಗೆ ಇಳಿಯದೆ ಮೇಲೆಯೇ ಚಾಪೆಯ ಹಾಗೆ ಹರಡುತ್ತದೆ. ಸುರಂಗದ (ಗುಡ್ಡಕ್ಕೆ ನೀರಿಗಾಗಿ ಅಡ್ಡ ಕೊರೆದದ್ದರ) ನೀರು ಹಾಕಿ ನೋಡಿ, ಎಳೆ ಬೇರೆಯೇ ಬರ್ತದೆ.

ಹೊಸದುರ್ಗ ಮ್ಯಾಕ್ರೋ
ಅವರದ್ದು ಲೇಯರಿನ ಸಮಸ್ಯೆ ಮಾರ್ರೆ, ನೀವು ಸುರಂಗ ಅಗೆಯಲಿಕ್ಕೆ ಹೊರಟಿರಿ. ಅದೂ ಅಲ್ಲದೆ ಸಾದಾ ಪೆನ್ನಿನ ಇಂಕು ಬರೀ ಕರಗಿದ ಬಣ್ಣ. ಮುದ್ದೆ ಕಟ್ಟಲಿಕ್ಕೆ ಅದರಲ್ಲಿ ಕಣವೇ ಇಲ್ಲ.

ಬಾಯಾರು ಸುರಂಗ
ಪೆನ್ನಿನ ಇಂಕು ಅಂತ ಅವರೆಲ್ಲಿ ಹೇಳಿದರು?

ಕುಂಬ್ಳೆ ಫ್ಲ್ಯಾಶ್
ಪೆನ್ನಿನ ಇಂಕೇ. ನೀಲಿ. ನೀರು ಮನೆ ಬಾವಿದು, ಉಪ್ಪಿಲ್ಲ. ಖಾಲಿ ತೊಟ್ಟಿಯ ಫೋಟೋ ಒಂದು ಇತ್ತು, ಫೋಕಸ್ ನೋಡಲಿಕ್ಕೆ ಶುರುವಿನಲ್ಲಿ ತೆಗೆದದ್ದು. ಡಿವೈಡ್ ಮಾಡಿದೆ. ಗೆರೆ ಮುಕ್ಕಾಲು ಹೋಯಿತು, ಮುಖ ಬೆಳಗಿತು. ಆದರೆ ಇಂಕಿನ ಫೋಟೋದಲ್ಲಿ ಅಡ್ಡಡ್ಡ ತೆಳು ಪಟ್ಟೆ ಬಂದಿದೆ, ಹಿನ್ನೆಲೆಗೆ ನೀಲಿ ಛಾಯೆ ಉಂಟು. ಹೊರಗೆ ಹೋದ ಇಂಕು ಈಗಲೂ ಇಲ್ಲ.

ಪಯಸ್ವಿನಿ ರಾ
ಪಟ್ಟೆ ಅಂದರೆ ಎಲ್‌ಇಡಿ. ಸೆಟ್ಟಿಂಗ್ ಹೇಳಿ.

ಕುಂಬ್ಳೆ ಫ್ಲ್ಯಾಶ್
ಹಾಳೆಯ ಹಿಂದೆ ಎರಡು ಎಲ್‌ಇಡಿ ಟ್ಯೂಬ್. 1/500, ಎಫ್ 5.6, ಐಎಸ್‌ಒ 1600. ಜೆಪೆಗ್.

ಪಯಸ್ವಿನಿ ರಾ
ಮತ್ತೆ ಹೇಗೆ ಸರಿಯಾಗುವುದು? ನಮ್ಮ ಕರೆಂಟು 50 ಹರ್ಟ್ಸ್, ಸಾದಾ ಎಲ್‌ಇಡಿ ಟ್ಯೂಬ್ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. 1/500ರಲ್ಲಿ ಷಟರಿನ ಪರದೆ ಸೆನ್ಸರಿನ ಮೇಲೆ ಸರಿಯುವಾಗ ಒಂದು ಕಡೆ ಬೆಳಕು ಹೆಚ್ಚು, ಒಂದು ಕಡೆ ಕಮ್ಮಿ. ಪ್ರತಿ ಫ್ರೇಮಿನಲ್ಲೂ ಪಟ್ಟೆ ಬೇರೆ ಜಾಗದಲ್ಲಿ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಎರಡೂ ಪಟ್ಟೆ ಕೂಡಿ ಕಾಣ್ತವೆ. 1/100ಕ್ಕೆ ಇಳಿಸಿದರೆ ಪಟ್ಟೆ ಹೋಗ್ತದೆ, ಇಂಕು ಅಲುಗಾಡ್ತದೆ. ಹಾಗಾಗಿ ಫ್ಲ್ಯಾಶ್. ಹೆಸರಿನಲ್ಲಿ ಇಟ್ಟುಕೊಂಡರೆ ಸಾಲದು.

ಫ್ಲ್ಯಾಶ್ ತೊಟ್ಟಿಯ ಹಿಂದೆ, ನಡುವೆ 3 ಮಿಲಿಮೀಟರಿನ ಹಾಲುಬಿಳಿ ಅಕ್ರಿಲಿಕ್ ಹಾಳೆ, ತೊಟ್ಟಿಗೂ ಹಾಳೆಗೂ 15-20 ಸೆಂಟಿಮೀಟರ್ ಅಂತರ. ಹತ್ತಿರ ಇಟ್ಟರೆ ಹಾಳೆಯ ಗೀರು, ಧೂಳು ಎಲ್ಲ ಫೋಕಸಿಗೆ ಬರ್ತದೆ. ಷಟರ್ 1/200, ಎಫ್ 11, ಐಎಸ್‌ಒ 100, ಫ್ಲ್ಯಾಶ್ ಮ್ಯಾನ್ಯುವಲ್ 1/16. ಫುಲ್ ಪವರಿನಲ್ಲಿ ಮಿಂಚು ಉದ್ದ, ಎಳೆ ಜಾರುತ್ತದೆ. 1/16ರಲ್ಲಿ ಮಿಂಚಿನ ಅವಧಿ ತೀರ ಚಿಕ್ಕದು, ಇಂಕನ್ನು ನಿಲ್ಲಿಸುವುದು ಅದೇ, ಷಟರ್ ಅಲ್ಲ. ಕೋಣೆ ಕತ್ತಲೆ ಇರಲಿ.

ನೀಲಿ ಛಾಯೆಗೆ ಕಾರಣ ನಿಮ್ಮ ಖಾಲಿ ಫೋಟೋ ಹಳತು. 10 ಲೀಟರ್ ನೀರಿಗೆ ನಾಲ್ಕು ಹನಿ ಬಿದ್ದ ಮೇಲೆ ಆ ನೀರು ಖಾಲಿ ಅಲ್ಲ. ಪ್ರತಿ ಹನಿಗೆ ಮುಂಚೆ ಒಂದು ಖಾಲಿ ಫ್ರೇಮ್ ತೆಗೆಯಬೇಕು. ನಾಲ್ಕೈದು ಹನಿಗೆ ನೀರನ್ನೇ ಬದಲಿಸಬೇಕು.

ಬಾಯಾರು ಸುರಂಗ
ನೀರು ಬದಲಿಸಿದ ಕೂಡಲೇ ತೆಗೆಯಬೇಡಿ. ಸೇದಿ ಸುರಿದ ನೀರಿನಲ್ಲಿ ಗಾಳಿ ಇರ್ತದೆ, ಗಾಜಿನ ಒಳಮೈಗೆ ಗುಳ್ಳೆ ಹಿಡಿಯುತ್ತದೆ. ರಾತ್ರಿ ತುಂಬಿಸಿಟ್ಟು ಬೆಳಗ್ಗೆ ತೆಗೆಯಿರಿ, ಇಲ್ಲದಿದ್ದರೆ ಕುದಿಸಿ ಆರಿಸಿ. ಸುರಿದ ನೀರು ಒಳಗೇ ಸುತ್ತುತ್ತಿದ್ದರೆ ಎಳೆ ಒಂದೇ ಬದಿಗೆ ವಾಲುತ್ತದೆ. ನೀರಿನ ವಿಷಯ ಬಂತಲ್ಲ ಕೊನೆಗೂ.

ಕುಂಬ್ಳೆ ಫ್ಲ್ಯಾಶ್
ಎಲ್ಲ ಸರಿ. ಹೊರಗೆ ಹೋದ ಇಂಕು???

ಪಯಸ್ವಿನಿ ರಾ
ಫ್ಲ್ಯಾಶಿನಲ್ಲಿ ತೆಗೆದು, ರಾ ಫೈಲಿನಿಂದ (ಕ್ಯಾಮೆರಾದ ಮೂಲ ಫೈಲಿನಿಂದ) 16 ಬಿಟ್ಟಿನಲ್ಲಿ ಭಾಗಿಸಿ, ಆಮೇಲೆ ಮಾತಾಡುವ. 8 ಬಿಟ್ ಜೆಪೆಗ್ಗನ್ನು ಇಷ್ಟು ಎಳೆದರೆ ತೆಳು ಇಂಕು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಮಾನಿಟರ್ ಕ್ಯಾಲಿಬ್ರೇಟ್ ಮಾಡಿದ್ದುಂಟಾ, ಬಣ್ಣ ಸರಿ ತೋರಿಸುವ ಹಾಗೆ?

ಮಂಜೇಶ್ವರ ಜಿಂಪ್
ಒಂದು ಪ್ರಶ್ನೆ. ಪೋರ್ಟ್ರೇಟಿನ ಹಿನ್ನೆಲೆ ಯಾವ ಬಣ್ಣ?

ಕುಂಬ್ಳೆ ಫ್ಲ್ಯಾಶ್
ಕಪ್ಪು. ಮತ್ತೆಂತ? ವೇಷದ ಫೋಟೋಕ್ಕೆ ಎಲ್ಲರೂ ಕಪ್ಪೇ ಅಲ್ವಾ ಹಾಕುವುದು.

ಮಂಜೇಶ್ವರ ಜಿಂಪ್
ಅದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಪ್ರಿಂಟೇ ಬಂದಿರುತ್ತಿತ್ತು. ಮಲ್ಟಿಪ್ಲೈ ಗುಣಾಕಾರ ಅಂತ ಪಯಸ್ವಿನಿಯವರೇ ಹೇಳಿದ್ದಾರೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. ಕಪ್ಪಿನ ಮೇಲೆ ನೀಲಿ ಇಂಕು ಮಲ್ಟಿಪ್ಲೈಯಲ್ಲಿ ಯಾವ ಕಾಲಕ್ಕೂ ಕಾಣುವುದಿಲ್ಲ, ನೀವು ಬಿಳಿಯನ್ನು 255 ಮಾಡಿ, ರಾ ಮಾಡಿ, ಏನೇ ಮಾಡಿ. ಯೂಟ್ಯೂಬಿನವರದ್ದು ತಿಳಿ ಹಿನ್ನೆಲೆ ಇದ್ದೀತು. ಮೋಹಿನಿಯಾಟ್ಟಂನ ಬಿಳಿ ಕಸವು ಉಡುಗೆ, ಬೂದು ಗೋಡೆ ಆಗಿದ್ದರೆ ನಿಮಗೂ ಒಂದೇ ಕ್ಲಿಕ್ಕಿಗೆ ಆಗುತ್ತಿತ್ತು.

ಹೊಸದುರ್ಗ ಮ್ಯಾಕ್ರೋ
ಹಾಗಾದರೆ ಇಂಕಿನ ಫೋಟೋ ಇನ್ವರ್ಟ್ ಮಾಡಿ ಸ್ಕ್ರೀನ್ ಹಾಕಿ. ಬಿಳಿ ಹಿನ್ನೆಲೆ ಕಪ್ಪಾಗ್ತದೆ, ಸ್ಕ್ರೀನಿನಲ್ಲಿ ಕಪ್ಪು ಮಾಯ. ನೀಲಿ ಇಂಕು ಕಿತ್ತಳೆ-ಹಳದಿಗೆ ತಿರುಗುತ್ತದೆ, ಹ್ಯೂ 180 ತಿರುಗಿಸಿದರೆ ಪುನಃ ನೀಲಿ. ಮುಗೀತು.

ಮಂಜೇಶ್ವರ ಜಿಂಪ್
ಹೊರಗೆ ಮುಗೀತು, ವೇಷದ ಮೇಲೆ ಶುರು. ಸ್ಕ್ರೀನ್ ಬೆಳಗಿಸುತ್ತದೆಯೇ ಹೊರತು ಕಪ್ಪಾಗಿಸುವುದಿಲ್ಲ. ಮುಖದ ತಿಳಿಬಣ್ಣ, ಎದೆಯ ಹೊಳೆಯುವ ಆಭರಣ, ಇದರ ಮೇಲೆ ಇಂಕು ತೊಳೆದ ಹಾಗೆ ಬಿಳಚಿಕೊಳ್ಳುತ್ತದೆ. ನಾಳೆ ಇದನ್ನೇ ಬಣ್ಣದ ವೇಷಕ್ಕೆ (ರಾಕ್ಷಸ ಪಾತ್ರಕ್ಕೆ) ಮಾಡಿದರೆ ಮುಖದ ಬಿಳಿ ಚುಟ್ಟಿಯ ಮೇಲೆ ಇಂಕಿನ ಸುಳಿವೇ ಇರಲಿಕ್ಕಿಲ್ಲ.

ಮೋಡಿನ ಹಂಗೇ ಬೇಡ. ಇಂಕಿನ ಫೋಟೋವನ್ನು ಬಣ್ಣವಾಗಿ ಬಳಸದೆ ಮಾಸ್ಕ್ ಆಗಿ ಬಳಸಿ, ಅಂದರೆ ಲೇಯರಿನ ಯಾವ ಭಾಗ ಕಾಣಬೇಕು ಅಂತ ತೀರ್ಮಾನಿಸುವ ಮರೆಯಾಗಿ. ನೀಲಿ ಇಂಕು ಕೆಂಪು ಬೆಳಕನ್ನು ಹೀರುತ್ತದೆ, ಹಾಗಾಗಿ ಕೆಂಪು ಚಾನೆಲಿನಲ್ಲಿ (ಚಿತ್ರದ ಕೆಂಪು ಬೆಳಕಿನ ಪಾಲಿನಲ್ಲಿ) ಅದು ಅತಿ ಕಪ್ಪಾಗಿ, ತೆಳು ಎಳೆ ಸಮೇತ ಕಾಣ್ತದೆ. ನೀಲಿ ಚಾನೆಲಿನಲ್ಲಿ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಕೆಂಪು ಇಂಕಾದರೆ ಹಸಿರು ಚಾನೆಲ್ ನೋಡಿ.

ಡಿವೈಡ್ ಮಾಡಿದ ಫೈಲಿನ ಚಾನೆಲ್ಸ್ ಪ್ಯಾನೆಲಿನಲ್ಲಿ ಕೆಂಪನ್ನು ಆರಿಸಿ ಪೂರ್ತಿ ಕಾಪಿ ಮಾಡಿ. ಪೋರ್ಟ್ರೇಟಿನ ಮೇಲೆ ಸಾಲಿಡ್ ಕಲರ್ ಲೇಯರ್ ಹಾಕಿ. ಆಲ್ಟ್ ಒತ್ತಿ ಅದರ ಮಾಸ್ಕ್ ಕ್ಲಿಕ್ ಮಾಡಿ, ಪೇಸ್ಟ್, ಕಂಟ್ರೋಲ್-ಐ. ಈಗ ಇಂಕು ಇದ್ದಲ್ಲಿ ಬಿಳಿ, ಇಲ್ಲದಲ್ಲಿ ಕಪ್ಪು. ಮಾಸ್ಕಿಗೆ ಲೆವೆಲ್ಸ್ ತೆಗೆದು ಕಪ್ಪು ತುದಿಯನ್ನು 12-15ಕ್ಕೆ ತನ್ನಿ, ಉಳಿದ ಚೌಕದ ನೆರಳು ಸಾಯ್ತದೆ. ಲೇಯರ್ ಮೋಡ್ ನಾರ್ಮಲ್.

ಇನ್ನು ಬಣ್ಣ. ಪೆನ್ನಿನ ಇಂಕಿನ ಗಾಢ ನೀಲಿಯನ್ನೇ ಕೊಟ್ಟರೆ ಕಪ್ಪಿನ ಮೇಲೆ ಪುನಃ ಕಾಣುವುದಿಲ್ಲ, ಅದು ಸಾಫ್ಟ್‌ವೇರಿನ ತಪ್ಪಲ್ಲ. ಲೇಯರ್ ಎರಡು ಮಾಡಿ, ಮಾಸ್ಕ್ ಒಂದೇ. ಹೊರಗಿನದಕ್ಕೆ ತಿಳಿನೀಲಿ, ಕೆಂಪು-ಹಸಿರು-ನೀಲಿ ಕ್ರಮದಲ್ಲಿ 120, 170, 255ರ ಹತ್ತಿರ. ವೇಷದ ಮೇಲಿನದಕ್ಕೆ ಗಾಢ, 20, 50, 140. ಎರಡನ್ನೂ ಬೇರೆ ಬೇರೆ ಗ್ರೂಪಿನಲ್ಲಿಟ್ಟು, ಗ್ರೂಪ್ ಮಾಸ್ಕಿನಲ್ಲಿ 150-200 ಪಿಕ್ಸೆಲಿನ ಮೆತ್ತನೆ ಬ್ರಶ್ಶಿನಿಂದ ಸೋಗೆವಲ್ಲಿಯ ಅಂಚಿನಲ್ಲಿ ಒಂದಕ್ಕೊಂದು ಕರಗಿಸಿ. ಅಂಚು ಗಟ್ಟಿ ಬಿಟ್ಟರೆ ಕತ್ತರಿಸಿ ಅಂಟಿಸಿದ್ದು ಅಂತ ಗೊತ್ತಾಗ್ತದೆ.

ಪಯಸ್ವಿನಿ ರಾ
ಒಂದೇ ಬಣ್ಣ ತುಂಬಿಸಿದರೆ ಇಂಕಿನ ಸಹಜ ಏರಿಳಿತ ಸಾಯುತ್ತದೆ. ಇಂಕಿನ ಫೋಟೋವನ್ನೇ ಆ ಮಾಸ್ಕಿಗೆ ಹಾಕಬಹುದಲ್ಲ.

ಮಂಜೇಶ್ವರ ಜಿಂಪ್
ಹಾಕಿದರೆ ಎಳೆಯ ಅಂಚಿಗೆಲ್ಲ ಬಿಳಿ ಕಟ್ಟು ಬರ್ತದೆ. ತೆಳು ಇಂಕಿನ ಪಿಕ್ಸೆಲಿನಲ್ಲಿ ಹಿಂದಿನ ಬಿಳಿ ಬೆರೆತಿರ್ತದೆ, ಕಪ್ಪಿನ ಮೇಲಿಟ್ಟ ಕೂಡಲೇ ಅದು ಎದ್ದು ಕಾಣ್ತದೆ. ಬೆರೆತ ಬಿಳಿಯನ್ನು ಲೆಕ್ಕ ಹಾಕಿ ತೆಗೆಯುವುದು ಜಿಂಪಿನ (ಫೋಟೋಶಾಪಿನಂಥ ಉಚಿತ ಸಾಫ್ಟ್‌ವೇರಿನ) ಕಲರ್ ಟು ಆಲ್ಫಾ. ಕಲರ್ಸ್ ಮೆನುವಿನಲ್ಲಿ ಉಂಟು. ಬಿಳಿ ಆರಿಸಿದರೆ ಬಿಳಿ ಹೋಗಿ ಇಂಕು ಮಾತ್ರ ಅರೆಪಾರದರ್ಶಕವಾಗಿ ಉಳಿಯುತ್ತದೆ. ಆಮೇಲೆ ಅದರ ಬಣ್ಣವನ್ನು ಬೆಳಗಿಸಿಕೊಳ್ಳಿ.

ಪಯಸ್ವಿನಿ ರಾ
ಜಿಂಪಿನಲ್ಲಿ ಗಂಭೀರ ಕೆಲಸ ಯಾರು ಮಾಡ್ತಾರೆ? ಅಡ್ಜಸ್ಟ್‌ಮೆಂಟ್ ಲೇಯರೇ ಇಲ್ಲ.

ಮಂಜೇಶ್ವರ ಜಿಂಪ್
2025ರಲ್ಲಿ 3.0 ಬಂದಿದೆ, ಫಿಲ್ಟರನ್ನು ಲೇಯರಿನ ಮೇಲೆ ಹಾಗೆಯೇ ಇಟ್ಟು ಬೇಕಾದಾಗ ಬದಲಿಸಬಹುದು. ಕಲರ್ ಟು ಆಲ್ಫಾಕ್ಕೆ ಸಮ ಆದದ್ದು ಫೋಟೋಶಾಪಿನಲ್ಲಿ ಯಾವ ಮೆನುವಿನಲ್ಲಿ ಉಂಟು, ತೋರಿಸಿ.

ಪಯಸ್ವಿನಿ ರಾ
ಲೇಯರ್, ಮ್ಯಾಟಿಂಗ್, ರಿಮೂವ್ ವೈಟ್ ಮ್ಯಾಟ್.

ಮಂಜೇಶ್ವರ ಜಿಂಪ್
ಅದಕ್ಕೆ ಮೊದಲೇ ಪಾರದರ್ಶಕ ಲೇಯರ್ ಬೇಕು. ಇದು ಪಾರದರ್ಶಕತೆಯನ್ನೇ ಮಾಡಿಕೊಡ್ತದೆ. ಬೇರೆ ಬೇರೆ.

ಕುಂಬ್ಳೆ ಫ್ಲ್ಯಾಶ್
ಕೆಂಪು ಚಾನೆಲ್ ಮಾಡಿದೆ. ಹೊರಗಿನ ಇಂಕು ಬಂತು!! [ಚಿತ್ರ: ಪುಂಡುವೇಷ, ಬಲಬದಿಗೆ ತಿಳಿನೀಲಿ ಹೊಗೆ] ಆದರೂ ಏನೋ ಸರಿ ಕಾಣುದಿಲ್ಲ. ಅಂಟಿಸಿದ ಹಾಗೆಯೇ ಉಂಟು. ಹೊಗೆ ಮೇಲೇರಲಿ ಅಂತ 180 ತಿರುಗಿಸಿದ್ದೇನೆ.

ಹೊಸದುರ್ಗ ಮ್ಯಾಕ್ರೋ
180 ತಿರುಗಿಸಿದರೆ ಎಡ-ಬಲವೂ ಅದಲುಬದಲು. ತೊಟ್ಟಿಗೆ ಎಡದಿಂದ ಬೆಳಕು ಹೆಚ್ಚು ಬಿದ್ದಿದ್ದರೆ ಈಗ ಅದು ಬಲದಿಂದ. ನಿಮ್ಮ ಮುಖದ ಬೆಳಕು ಎಡದಿಂದ ಬಂದದ್ದು. ರೊಟೇಟ್ ಬೇಡ, ಫ್ಲಿಪ್ ವರ್ಟಿಕಲ್ ಮಾಡಿ, ಮೇಲೆ-ಕೆಳಗೆ ಮಾತ್ರ ತಿರುಗಿ ಬದಿ ಹಾಗೆಯೇ ಉಳಿಯುತ್ತದೆ.

ಇನ್ನೊಂದು, ಇಂಕಿನದ್ದು ಐಎಸ್‌ಒ 1600, ಪೋರ್ಟ್ರೇಟ್ ನುಣ್ಣಗೆ ಉಂಟು. ಲೆವೆಲ್ಸ್ ಎಳೆದ ಮೇಲೆ ಮರಳು ಇನ್ನೂ ಎದ್ದಿದೆ. ಮಾಸ್ಕಿಗೆ 1-2 ಪಿಕ್ಸೆಲ್ ಬ್ಲರ್ ಕೊಡಿ, ಆಮೇಲೆ ಇಡೀ ಚಿತ್ರದ ಮೇಲೆ ಒಂದೇ ಸಮ ತೆಳು ಗ್ರೇನ್ ಹಾಕಿ. ಬಟ್ಟೆಯ ನೆರಿಗೆಯ ಮೇಲೆ ಹೋಗುವ ಇಂಕು ನೆರಿಗೆಯ ಜೊತೆಗೆ ಬಾಗಬೇಕು: ಪೋರ್ಟ್ರೇಟಿನ ಕಪ್ಪುಬಿಳಿ ಪ್ರತಿಗೆ 4-5 ಪಿಕ್ಸೆಲ್ ಬ್ಲರ್ ಕೊಟ್ಟು ಪಿಎಸ್‌ಡಿ ಮಾಡಿ ಉಳಿಸಿ, ಡಿಸ್ಟಾರ್ಟ್ ಮೆನುವಿನ ಡಿಸ್‌ಪ್ಲೇಸಿನಲ್ಲಿ ಅದನ್ನು ಕೊಡಿ, ಎರಡೂ ಕಡೆ 8. ಹೆಚ್ಚು ಕೊಟ್ಟರೆ ಇಂಕು ಹರಿದ ಕಾಗದದ ಹಾಗೆ ಕಾಣ್ತದೆ.

ಬೇಕಲ 85
ಈಗ ನೋಡಿದೆ. ಇಷ್ಟೆಲ್ಲ ಸರ್ಕಸ್ ಯಾಕೆ? ಪೋರ್ಟ್ರೇಟ್ ಕಪ್ಪಾದರೆ ಇಂಕು ಬಿಳಿ ಇರಬೇಕು. ಬಿಳಿ ಅಕ್ರಿಲಿಕ್ ಪೇಂಟ್ ಒಂದು ಪಾಲು, ನೀರು ಮೂರು ಪಾಲು, ಸೂಜಿ ತೆಗೆದ 5 ಎಂಎಲ್ ಸಿರಿಂಜ್. ಹಿಂದೆ ಕಪ್ಪು ವೆಲ್ವೆಟ್, ಎರಡು ಬದಿಯಿಂದ ಫ್ಲ್ಯಾಶ್, ಫ್ಲ್ಯಾಶಿನ ಬೆಳಕು ವೆಲ್ವೆಟಿಗೂ ಲೆನ್ಸಿಗೂ ಬೀಳದ ಹಾಗೆ ರಟ್ಟಿನ ಮರೆ. ಎದುರಿನ ಗಾಜಿನಲ್ಲಿ ಕ್ಯಾಮೆರಾ ಕಾಣದ ಹಾಗೆ ನಡುವೆ ತೂತು ಮಾಡಿದ ಕಪ್ಪು ರಟ್ಟು. ಫೋಕಸಿಗೆ ಹನಿ ಬೀಳುವ ಜಾಗದಲ್ಲಿ ಸ್ಕೇಲ್ ಮುಳುಗಿಸಿ ಮ್ಯಾನ್ಯುವಲಿನಲ್ಲಿ ಕೂರಿಸಿ. ಅಕ್ರಿಲಿಕ್ ನೀರಿಗಿಂತ ಭಾರ, ಹೂಕೋಸಿನ ಹಾಗೆ ಉಬ್ಬಿ ಇಳಿಯುತ್ತದೆ, ಪೆನ್ನಿನ ಇಂಕಿನಷ್ಟು ಬೇಗ ಕರಗುವುದೂ ಇಲ್ಲ. ಸ್ಕ್ರೀನ್ ಹಾಕಿ, ಕ್ಲಿಪ್ ಮಾಡಿದ ಹ್ಯೂ-ಸ್ಯಾಚುರೇಶನ್ ಲೇಯರಿನಲ್ಲಿ ಕಲರೈಸ್ ಟಿಕ್ ಮಾಡಿ ಬೇಕಾದ ಬಣ್ಣ ಕೊಡಿ. ಮಾಸ್ಕ್ ಬೇಡ, ಡಿವೈಡ್ ಬೇಡ. ನಮ್ಮದು 60 ಸೆಂಟಿಮೀಟರಿನ ತೊಟ್ಟಿ, 8 ಮಿಲಿಮೀಟರ್ ಗಾಜು, ಅಡಿಯಲ್ಲಿ ನೀರು ಬಿಡುವ ನಲ್ಲಿ, ಮೂರು ಫ್ಲ್ಯಾಶ್, ರೇಡಿಯೋ ಟ್ರಿಗರ್.

ಮಂಜೇಶ್ವರ ಜಿಂಪ್
ಸ್ಕ್ರೀನ್ ಹಾಕಿದರೆ ಮುಖದ ಮೇಲೆ ಬಿಳಚಿಕೊಳ್ಳುವ ಸಮಸ್ಯೆ ಅಲ್ಲೂ ಉಂಟು ಬೇಕಲದವರೇ.

ಬೇಕಲ 85
ಮುಖದ ಮೇಲೆ ಇಂಕು ಯಾಕೆ ತರುವುದು? ಹೊರಗೆ ಮಾತ್ರ ಸಾಕು.

ಬಾಯಾರು ಸುರಂಗ
60 ಸೆಂಟಿಮೀಟರ್ ತೊಟ್ಟಿ ಅಂದರೆ ಸಲಕ್ಕೆ ಎಷ್ಟು ಲೀಟರ್? ಏಪ್ರಿಲಿನಲ್ಲಿ ಎಂತ ಮಾಡ್ತೀರಿ?

ಬೇಕಲ 85
50 ಲೀಟರ್ ಮೇಲೆ. ಬಾಳೆಬುಡಕ್ಕೆ ಹೋಗ್ತದೆ.

ಬಾಯಾರು ಸುರಂಗ
ಅಕ್ರಿಲಿಕ್ ಪ್ಲಾಸ್ಟಿಕ್ ಮಾರ್ರೆ, ಬಾಳೆಬುಡಕ್ಕೆ ಬಿಡಬೇಡಿ. ಬಕೆಟಿನಲ್ಲಿ ನಿಲ್ಲಿಸಿ, ಪೇಂಟ್ ಅಡಿಗೆ ಕೂತ ಮೇಲೆ ಮೇಲಿನ ನೀರು ಬಸಿದು ಗಸಿಯನ್ನು ಒಣಗಿಸಿ ಎಸೆಯಿರಿ.

ಹೊಸದುರ್ಗ ಮ್ಯಾಕ್ರೋ
ಮೂರು ಫ್ಲ್ಯಾಶ್ ಯಾವುದು? ಟ್ರಿಗರ್ ಎಷ್ಟು ದೂರ ಹಿಡೀತದೆ? ಫೋಟೋ ಹಾಕಿ.

ಕುಂಬ್ಳೆ ಫ್ಲ್ಯಾಶ್
ಫ್ಲಿಪ್ ಮಾಡಿದ ಮೇಲೆ ಬೆಳಕು ಕೂತಿತು. ಪಟ್ಟೆ ಸ್ವಲ್ಪ ಉಳಿದಿದೆ, ಪುನಃ ಫ್ಲ್ಯಾಶಿನಲ್ಲಿ ತೆಗೆಯದೆ ಅದು ಹೋಗ್ಲಿಕ್ಕಿಲ್ಲ ಅಂತ ಕಾಣ್ತದೆ. ಆ 3 ಮಿಲಿಮೀಟರ್ ಹಾಲುಬಿಳಿ ಅಕ್ರಿಲಿಕ್ ಹಾಳೆ ಸಣ್ಣ ತುಂಡಾಗಿ ಕಾಸರಗೋಡಿನಲ್ಲಿ ಎಲ್ಲಿ ಸಿಗ್ತದೆ?

ಮಂಜೇಶ್ವರ ಜಿಂಪ್
ಅಂಗಡಿಗೆ ಬೋರ್ಡ್ ಮಾಡಿಕೊಡುವವರ ಹತ್ತಿರ ಕೇಳಿ, ಕತ್ತರಿಸಿ ಉಳಿದ ತುಂಡು ಇರ್ತದೆ. ಎರಡೂ ಬದಿಯ ಕಾಗದ ಕೆಲಸ ಶುರುವಾಗುವವರೆಗೆ ಕೀಳಬೇಡಿ, ಗೀರು ಬೀಳ್ತದೆ.

ಪಯಸ್ವಿನಿ ರಾ
ಮಾನಿಟರ್ ಕ್ಯಾಲಿಬ್ರೇಟ್ ಮಾಡಿದ್ದುಂಟಾ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.