ಡೀಸೆಲ್ ಪಿಕಪ್‌ಗಾಗಿ ಕಾಯಬೇಕೇ? ಬೆಳಗಾವಿಯ ಡೀಸೆಲ್ ತಂತ್ರಜ್ಞರೊಡನೆ ಪ್ರಶ್ನೋತ್ತರ

ಪ್ರಶ್ನೆ – ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು, ವಿಜಯಪುರ ಜಿಲ್ಲೆ

ನಮಸ್ಕಾರ ಸರ್. ಬೇಸಿಗೆಯಲ್ಲಿ ನಮ್ಮ ಶೆಡ್ಡಿನ ಒಣದ್ರಾಕ್ಷಿ ಪೆಟ್ಟಿಗೆಗಳನ್ನು ತಾಸಗಾಂವ ಮಾರುಕಟ್ಟೆಗೆ ಒಯ್ಯುತ್ತೇವೆ. ಉಳಿದ ತಿಂಗಳುಗಳಲ್ಲಿ ಗೊಬ್ಬರ, ಔಷಧಿ ತರುವುದು, ಆಳುಗಳನ್ನು ಕರೆತರುವುದು, ಮನೆಯವರೊಂದಿಗೆ ಬೀಗರ ಊರಿಗೆ ಹೋಗಿಬರುವುದು ಇದ್ದೇ ಇರುತ್ತದೆ. ಹಳೆಯ ಪಿಕಪ್ ಈಗ ದೊಡ್ಡ ದುರಸ್ತಿಗೆ ಬಂದಿರುವುದರಿಂದ, ಐದು ಜನ ಕೂರಬಹುದಾದ ಡಬಲ್ ಕ್ಯಾಬಿನ್ ಡೀಸೆಲ್ ಪಿಕಪ್ ಕೊಳ್ಳಬೇಕೆಂದಿದ್ದೇನೆ. ಇಸುಜು ಮತ್ತು ಟೊಯೊಟಾ ಕಂಪನಿಗಳ ವಾಹನಗಳು ನನಗೆ ದುಬಾರಿ ಎನಿಸುತ್ತವೆ. ಸ್ಕಾರ್ಪಿಯೊ-ಎನ್ ಆಧಾರದ ಹೊಸ ಡೀಸೆಲ್ ಪಿಕಪ್ ಬರಲಿದೆ, ತಡೆಯಿರಿ ಎಂದು ಪರಿಚಯದ ಮಾರಾಟಗಾರರೊಬ್ಬರು ಕಳೆದ ಹಂಗಾಮಿನಿಂದಲೂ ಹೇಳುತ್ತಿದ್ದಾರೆ. ಕಾಯಲೇ, ಇರುವುದರಲ್ಲೇ ಒಂದನ್ನು ಕೊಳ್ಳಲೇ?

ಉತ್ತರ

ನಮಸ್ಕಾರ ಯಜಮಾನರೇ. ತಾವು ಕಾಯುತ್ತಿರುವುದು ಎಂಜಿನ್ನಿಗೋ, ವಾಹನಕ್ಕೋ ಎಂಬುದನ್ನು ಮೊದಲು ಬೇರ್ಪಡಿಸಿ ನೋಡೋಣ.

ಮಹೀಂದ್ರಾ ಕಂಪನಿಯು 2023ರ ಆಗಸ್ಟ್ 15ರಂದು ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಸ್ಕಾರ್ಪಿಯೊ-ಎನ್ ಆಧಾರದ ಪಿಕಪ್ಪಿನ ಪ್ರದರ್ಶನ ಮಾದರಿಯೊಂದನ್ನು ತೋರಿಸಿತು. ಅದರಲ್ಲಿ ಎರಡನೇ ತಲೆಮಾರಿನ ಎಂಹಾಕ್ ಡೀಸೆಲ್ ಎಂಜಿನ್ ಇರುತ್ತದೆಂದೂ ಹೇಳಿತು. ಆ ಕುಟುಂಬದ 2.2 ಲೀಟರ್ ಎಂಜಿನ್ 2022ರಿಂದ ಸ್ಕಾರ್ಪಿಯೊ-ಎನ್‌ನಲ್ಲಿ ನಮ್ಮ ರಸ್ತೆಗಳ ಮೇಲೆ ಓಡುತ್ತಲೇ ಇದೆ. ಅದರ ಮೇಲ್ದರ್ಜೆಯ ಆವೃತ್ತಿಯ ಶಕ್ತಿ 175 ಪಿಎಸ್. ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಮ್ಯಾನ್ಯುಯಲ್ ಗೇರಿನಲ್ಲಿ 370, ಆಟೊಮ್ಯಾಟಿಕ್‌ನಲ್ಲಿ 400 ನ್ಯೂಟನ್ ಮೀಟರ್. ಹೀಗಿರುವಾಗ ಎಂಜಿನ್ನಿನ ಗುಣ ತಿಳಿಯಲು ಕಾಯಬೇಕಾಗಿಲ್ಲ. ಪರಿಚಯದವರ ಸ್ಕಾರ್ಪಿಯೊ-ಎನ್ ಅನ್ನು ಒಂದು ದಿನ ಓಡಿಸಿದರೆ ಸಾಕು. ತಮ್ಮ ಕೆಲಸಕ್ಕೆ ಬೇಕಾದ ಇತರ ಸಂಗತಿಗಳನ್ನು, ಅಂದರೆ ಹಿಂದಿನ ತೊಟ್ಟಿಯ ಉದ್ದ, ಪಾಟಾದ (ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳ) ಬಲ, ಕಾನೂನು ಒಪ್ಪುವ ಭಾರ, ಬೆಲೆ, ಇವುಗಳನ್ನು ಯಾವ ಪ್ರದರ್ಶನ ಮಾದರಿಯೂ ಹೇಳಲಾರದು.

ಬಿಡುಗಡೆಯಾದ ಮಾತ್ರಕ್ಕೆ ಕಾಯುವಿಕೆ ಮುಗಿಯುತ್ತದೆ ಎಂದೂ ಭಾವಿಸಬಾರದು. ಟೊಯೊಟಾ ಹೈಲಕ್ಸ್‌ಗೆ 2022ರ ಜನವರಿಯಲ್ಲಿ ಬುಕಿಂಗ್ ತೆರೆದು, ಮರುತಿಂಗಳೇ ಪೂರೈಕೆಯ ತೊಂದರೆಯಿಂದ ನಿಲ್ಲಿಸಿ, ಮತ್ತೆ ತೆರೆದದ್ದು 2023ರ ಜನವರಿಯಲ್ಲಿ.

ಇನ್ನು ತಮ್ಮ ಭಾರದ ಲೆಕ್ಕ. 15 ಕೆ.ಜಿ.ಯ ಅರವತ್ತು ಪೆಟ್ಟಿಗೆ ಹೇರಿದರೆ 900 ಕೆ.ಜಿ. ಆಯಿತು. ಬೊಲೆರೊ ಪಿಕಪ್‌ನಂತಹ ಸರಕು ವಾಹನಗಳು ಒಂದು ಟನ್ನಿಗಿಂತ ಹೆಚ್ಚಿನ ಭಾರಕ್ಕೆಂದೇ ರೂಪುಗೊಂಡಿವೆ. ಡಬಲ್ ಕ್ಯಾಬಿನ್ ಪಿಕಪ್‌ನಲ್ಲಿ ತೊಟ್ಟಿಯೂ ಗಿಡ್ಡ, ಅನುಮತಿಸಿದ ಭಾರವೂ ಕಡಿಮೆ. ಎಂಜಿನ್ ಎಳೆಯುತ್ತದೆ ಎಂಬ ಕಾರಣಕ್ಕೆ ವಾಹನ ಹೊರುತ್ತದೆ ಎಂದು ತಿಳಿಯಬಾರದು: ಎಳೆಯುವುದು ಎಂಜಿನ್ನಿನ ಕೆಲಸ, ಹೊರುವುದು ಚಾಸಿ, ಪಾಟಾ, ಟೈರುಗಳ ಕೆಲಸ, ನಿಲ್ಲಿಸುವುದು ಬ್ರೇಕಿನ ಕೆಲಸ. ವಾಹನದ ಒಟ್ಟು ಅನುಮತಿಸಿದ ತೂಕದಲ್ಲಿ ಖಾಲಿ ತೂಕವನ್ನು ಕಳೆದು, ಉಳಿದದ್ದರಲ್ಲಿ ಕೂರುವವರ ತೂಕವನ್ನೂ ಕಳೆಯಿರಿ. ಕೊನೆಗೆ ಉಳಿಯುವ ಅಂಕಿಯೇ ತಮ್ಮ ಪೆಟ್ಟಿಗೆಗಳ ಪಾಲು. ಶೋರೂಮಿನಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಹಳೆಯ ಪಿಕಪ್ಪಿನ ಚಾಸಿ ಗಟ್ಟಿಯಾಗಿದ್ದರೆ ದುರಸ್ತಿ ಮಾಡಿಸಿ, ಹಂಗಾಮಿನ ಹೇರಿಗೆ ಅದನ್ನೇ ಇಟ್ಟುಕೊಳ್ಳಿ. ಡಬಲ್ ಕ್ಯಾಬಿನ್ನಿಗೆ ಬರುವ ಅಕ್ಟೋಬರ್ ಚಾಟ್ನಿಯವರೆಗೆ (ದ್ರಾಕ್ಷಿ ಬಳ್ಳಿ ಸವರುವ ಹೊತ್ತಿನವರೆಗೆ) ಮಾತ್ರ ಗಡುವು ಹಾಕಿಕೊಳ್ಳಿ. ಅಷ್ಟರಲ್ಲಿ ಹೊಸ ವಾಹನದ ಬೆಲೆಪಟ್ಟಿ ಮತ್ತು ಲಿಖಿತ ವಿತರಣಾ ದಿನಾಂಕ ಕೈಗೆ ಬಾರದಿದ್ದರೆ, ಈಗ ಮಾರಾಟದಲ್ಲಿರುವ ವಾಹನಗಳಲ್ಲೇ ಒಂದನ್ನು ಆರಿಸಿ. ಇಸುಜು ವಿ-ಕ್ರಾಸ್‌ನ 1.9 ಲೀಟರ್ ಎಂಜಿನ್ 163 ಪಿಎಸ್ ಶಕ್ತಿ, 360 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಆ ಟಾರ್ಕ್ 2,000ದಿಂದ 2,500 ಸುತ್ತುಗಳ ನಡುವೆಯೇ ಸಿಗುವುದರಿಂದ ತಮ್ಮ ತೋಟದ ದಾರಿಗೂ ಹೆದ್ದಾರಿಗೂ ಅದು ಸಾಕಷ್ಟಾಯಿತು.

ಪ್ರಶ್ನೆ – ಕಾಲೇಜು ಉಪನ್ಯಾಸಕರು, ಬೆಳಗಾವಿ

ಸರ್, ನನ್ನ ತಮ್ಮ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಮಧ್ಯಮ ಗಾತ್ರದ ಪಿಕಪ್ಪಿಗೆ ಡೀಸೆಲ್ ಎಂಜಿನ್ ಬಂದರೆ ಮಾತ್ರ ಕೊಳ್ಳುತ್ತೇನೆ ಎಂದು ವರ್ಷಗಳಿಂದ ಹಟ ಹಿಡಿದಿದ್ದಾನೆ. ನಮ್ಮಲ್ಲಿ ಪಿಕಪ್ ಎಂದರೆ ಡೀಸೆಲ್ ಎಂಬಷ್ಟು ಸಹಜವಾಗಿರುವಾಗ, ಅಷ್ಟು ದೊಡ್ಡ ದೇಶದಲ್ಲಿ ಅದೇಕೆ ಇಷ್ಟು ಅಪರೂಪ? ಅವನು ಕಾಯುವುದರಲ್ಲಿ ಅರ್ಥವಿದೆಯೇ?

ಉತ್ತರ

ಈ ಪ್ರಶ್ನೆ ಕೇಳಿದ್ದಕ್ಕೆ ಧನ್ಯವಾದಗಳು. ಹೊಸ ಎಂಜಿನ್ನಿನ ಸುದ್ದಿಯನ್ನು ನಂಬಿ ವರ್ಷಗಟ್ಟಲೆ ಕಾಯುವವರೆಲ್ಲರೂ ತಿಳಿದಿರಬೇಕಾದ ಇತಿಹಾಸ ಇದರಲ್ಲಿದೆ.

ನಿಸಾನ್ ಕಂಪನಿಯು 2014ರ ಫೆಬ್ರುವರಿಯಲ್ಲಿ ಶಿಕಾಗೊ ವಾಹನ ಪ್ರದರ್ಶನದಲ್ಲಿ ಫ್ರಂಟಿಯರ್ ಪಿಕಪ್ಪಿಗೆ ಕಮಿನ್ಸ್‌ನ 2.8 ಲೀಟರ್ ಡೀಸೆಲ್ ಎಂಜಿನ್ ಕೂರಿಸಿ ತೋರಿಸಿತು. ನೋಡಿದವರು ಬಹಳ ಆಸೆ ಇಟ್ಟುಕೊಂಡರು, ಆದರೆ ಅದು ಅಲ್ಲಿ ಮಾರಾಟಕ್ಕೆ ಬರಲೇ ಇಲ್ಲ. ಷೆವರ್ಲೆ ಕೊಲೊರಾಡೊ ಮತ್ತು ಜಿಎಂಸಿ ಕ್ಯಾನ್ಯನ್ ಮೊದಲು ಪೆಟ್ರೋಲ್ ಎಂಜಿನ್‌ಗಳೊಂದಿಗೆ ಬಂದವು, 2.8 ಲೀಟರಿನ ನಾಲ್ಕು ಸಿಲಿಂಡರ್ ಡ್ಯುರಾಮ್ಯಾಕ್ಸ್ ಡೀಸೆಲ್ ಎಂಜಿನ್ 2016ರ ಮಾದರಿಯಿಂದ ಸೇರಿತು. ಸರಿಯಾಗಿ ಅದೇ ವೇಳೆಗೆ, 2015ರ ಸೆಪ್ಟೆಂಬರ್‌ನಲ್ಲಿ, ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಪರೀಕ್ಷೆಯ ಹೊತ್ತಿಗಷ್ಟೇ ಹೊಗೆ ತಗ್ಗಿಸುವ ತಂತ್ರಾಂಶ ಅಳವಡಿಸಿದ್ದು ಬಯಲಾಗಿ, ಅಮೆರಿಕದ ಪರಿಸರ ಸಂಸ್ಥೆಯು ಹೊಸ ಡೀಸೆಲ್ ವಾಹನಗಳನ್ನೆಲ್ಲ ಹೆಚ್ಚಿನ ಪರೀಕ್ಷೆಗೆ ಒಳಪಡಿಸಲು ತೊಡಗಿತು. ಕೊಲೊರಾಡೊ ಡೀಸೆಲ್ ಕೂಡ ರಸ್ತೆಯ ಮೇಲಿನ ಪರೀಕ್ಷೆಯನ್ನು ದಾಟಿಯೇ ಹೊರಬರಬೇಕಾಯಿತು. ಜೀಪ್ ಗ್ಲಾಡಿಯೇಟರ್‌ಗೆ 3 ಲೀಟರಿನ ಆರು ಸಿಲಿಂಡರ್ ಡೀಸೆಲ್ ಎಂಜಿನ್ ಕೊಡುವುದಾಗಿ 2018ರಲ್ಲೇ ಹೇಳಿದ್ದರೂ ಅದು ಬಂದದ್ದು 2021ರ ಮಾದರಿಯಲ್ಲಿ, ನಿಂತುಹೋದದ್ದು 2023ರ ಮಾದರಿಯೊಂದಿಗೆ. ಟೊಯೊಟಾ ತನ್ನ ಡೀಸೆಲ್ ಹೈಲಕ್ಸನ್ನು ಅಲ್ಲಿ ಮಾರುವುದಿಲ್ಲ. ಅಲ್ಲಿ ಮಾರುವ ಟಕೋಮಾ ಪಿಕಪ್ಪಿಗೆ ಡೀಸೆಲ್ ಎಂಜಿನ್ ಇಲ್ಲ.

ಕಾರಣಗಳಲ್ಲಿ ಮೊದಲನೆಯದು ಹೊಗೆಯ ನಿಯಮ. ನಮ್ಮ ಬಿಎಸ್-6 ನಿಯಮದಲ್ಲಿ ಸಾರಜನಕದ ಆಕ್ಸೈಡುಗಳ ಮಿತಿ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ 60 ಮಿಲಿಗ್ರಾಂ, ಡೀಸೆಲ್ ಕಾರಿಗೆ 80 ಮಿಲಿಗ್ರಾಂ; ಡೀಸೆಲ್ಲಿಗೆ ತುಸು ಸಡಿಲಿಕೆ ಇದೆ. ಅಮೆರಿಕದಲ್ಲಿ ಇಂಧನ ಯಾವುದಾದರೂ ಮಿತಿ ಒಂದೇ. ಅದನ್ನು ಮುಟ್ಟಲು ಬೇಕಾಗುವ ಸಲಕರಣೆಯ ವೆಚ್ಚ ದೊಡ್ಡ ಟ್ರಕ್ಕಿನ ಬೆಲೆಯಲ್ಲಿ ಅಡಗಿಹೋಗುತ್ತದೆ, ಮಧ್ಯಮ ಪಿಕಪ್ಪಿನಲ್ಲಿ ಎದ್ದು ಕಾಣುತ್ತದೆ. ಎರಡನೆಯದು ಬೆಲೆ. ಅಲ್ಲಿ ಕೇಂದ್ರದ ತೆರಿಗೆಯೇ ಗ್ಯಾಲನ್ನಿಗೆ ಪೆಟ್ರೋಲಿನ ಮೇಲೆ 18.4 ಸೆಂಟ್, ಡೀಸೆಲ್ಲಿನ ಮೇಲೆ 24.4 ಸೆಂಟ್ ಇದೆ, ಪಂಪಿನಲ್ಲಿಯೂ ಸಾಮಾನ್ಯವಾಗಿ ಡೀಸೆಲ್ಲೇ ದುಬಾರಿ.

ಲೆಕ್ಕ ಮಾಡಿ ನೋಡಿ. ಕೊಲೊರಾಡೊದಲ್ಲಿ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿಗಿಂತ ಡೀಸೆಲ್ಲಿಗೆ ಸುಮಾರು 3,700 ಡಾಲರ್ ಹೆಚ್ಚು ಕೊಡಬೇಕಿತ್ತು. ನಾಲ್ಕು ಚಕ್ರ ಚಾಲನೆಯ ಮಾದರಿಗಳ ಅಧಿಕೃತ ಸರಾಸರಿಯನ್ನು ನಮ್ಮ ಅಳತೆಗೆ ತಂದರೆ ಪೆಟ್ರೋಲಿಗೆ ಲೀಟರಿಗೆ 8.5, ಡೀಸೆಲ್ಲಿಗೆ 9.8 ಕಿ.ಮೀ. ವರ್ಷಕ್ಕೆ 20,000 ಕಿ.ಮೀ. ಓಡಿಸಿದರೆ ಉಳಿಯುವುದು ಮುನ್ನೂರು ಲೀಟರಿನ ಆಸುಪಾಸು. ಎರಡೂ ಇಂಧನಗಳಿಗೆ ಲೀಟರಿಗೆ 80 ಸೆಂಟ್ ಎಂದು ಸಮಾನ ಬೆಲೆ ಹಿಡಿದರೂ ಹೆಚ್ಚುವರಿ ಹಣ ಮರಳಲು ಹದಿನೈದು ವರ್ಷ ಹಿಡಿಯುತ್ತದೆ. ಆ ಡೀಸೆಲ್ ಎಂಜಿನ್ನಿನ ನಿಜವಾದ ಹಿರಿಮೆ ಇದ್ದದ್ದು ಸುಮಾರು 500 ನ್ಯೂಟನ್ ಮೀಟರಿನ ಟಾರ್ಕ್‌ನಲ್ಲಿ, ಅಂದರೆ ದೋಣಿಯನ್ನೋ ಕುದುರೆ ಸಾಗಿಸುವ ಟ್ರೇಲರನ್ನೋ ಹಿಂದೆ ಕಟ್ಟಿ ದೂರ ಎಳೆಯುವವರಿಗೆ. 2023ರ ಹೊಸ ಕೊಲೊರಾಡೊದಲ್ಲಿ 2.7 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನೇ ಮೇಲ್ದರ್ಜೆಯಲ್ಲಿ 580 ನ್ಯೂಟನ್ ಮೀಟರ್ ದಾಟಿತು. ಆಗ ಡೀಸೆಲ್ ಎಂಜಿನ್ನನ್ನು ಕೈಬಿಟ್ಟರು.

ಆದ್ದರಿಂದ ತಮ್ಮನವರಿಗೆ ಎರಡೇ ದಾರಿ ಹೇಳುತ್ತೇನೆ. ಭಾರ ಎಳೆಯುವ ಕೆಲಸ ನಿಜಕ್ಕೂ ಇದ್ದರೆ 2016–2022ರ ನಡುವಿನ ಕೊಲೊರಾಡೊ ಅಥವಾ ಕ್ಯಾನ್ಯನ್ ಡೀಸೆಲ್ಲನ್ನು, ಸರ್ವಿಸ್ ದಾಖಲೆಗಳನ್ನು ಪೂರ್ತಿ ಓದಿ, ಸೆಕೆಂಡ್ ಹ್ಯಾಂಡ್ ಕೊಳ್ಳಲಿ. ಕೆಲಸಕ್ಕೆ ಹೋಗಿಬರುವುದಷ್ಟೇ ಇದ್ದರೆ ಪೆಟ್ರೋಲ್ ಪಿಕಪ್ ಕೊಂಡು ನೆಮ್ಮದಿಯಿಂದ ಇರಲಿ. ಡೀಸೆಲ್ ಎಂಜಿನ್ನಿನ ಮೇಲಿನ ಪ್ರೀತಿ ನನಗೂ ಅರ್ಥವಾಗುತ್ತದೆ, ನನ್ನ ಜೀವನ ಸಾಗಿರುವುದೇ ಅದರಿಂದ. ಆದರೂ ಅವರಿಗೆ ಮತ್ತೆ ಕಾಯಿರಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ – ಹಾಲಿನ ವ್ಯಾಪಾರಸ್ಥರು, ಮುಧೋಳ, ಬಾಗಲಕೋಟೆ ಜಿಲ್ಲೆ

ನಮ್ಮದು ಊರೊಳಗಿನ ಓಡಾಟ, ಒಮ್ಮೆಗೆ ನಾಲ್ಕೈದು ಕಿಲೋಮೀಟರ್ ಅಷ್ಟೇ. ಬಿಎಸ್-6 ಡೀಸೆಲ್ ಗಾಡಿಯಲ್ಲಿ ಸೈಲೆನ್ಸರಿನ ದೀಪ ಮೇಲಿಂದ ಮೇಲೆ ಹತ್ತುತ್ತದೆ ಎಂದು ಕೇಳಿದ್ದೇನೆ. ಯೂರಿಯಾ ನೀರನ್ನು ಮನೆಯಲ್ಲೇ ಗೊಬ್ಬರದಿಂದ ಕಲಸಿಕೊಂಡರೆ ನಡೆಯುತ್ತದೆ ಎಂದೂ ಒಬ್ಬರು ಹೇಳಿದರು. ನಾನು ಡೀಸೆಲ್ ಗಾಡಿಯನ್ನೇ ಕೊಳ್ಳಬೇಕೇ?

ಉತ್ತರ

ದಯವಿಟ್ಟು ಗೊಬ್ಬರದ ಯೂರಿಯಾ ಹಾಕಬೇಡಿ. ಹೊಗೆಯಲ್ಲಿನ ಸಾರಜನಕದ ಆಕ್ಸೈಡುಗಳನ್ನು ತಗ್ಗಿಸಲು ಬಳಸುವ ಡಿಇಎಫ್ ಎಂಬ ಆ ದ್ರಾವಣದಲ್ಲಿ 32.5 ಶೇಕಡ ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ಗೊಬ್ಬರದಲ್ಲಿರುವ ಕಲ್ಮಶ, ಬೇವಿನ ಲೇಪ, ಬೋರ್‌ವೆಲ್ ನೀರಿನ ಸುಣ್ಣ, ಇವೆಲ್ಲ ಸೇರಿ ಸಿಂಪಡಿಸುವ ನಳಿಕೆಯನ್ನೂ ಅದರ ಮುಂದಿನ ದುಬಾರಿ ಕ್ಯಾಟಲಿಸ್ಟನ್ನೂ ಹಾಳು ಮಾಡುತ್ತವೆ.

ದೀಪದ ವಿಷಯ ಹೀಗಿದೆ. ಒಲೆಯ ಹೊಗೆಗೂಡಿನಲ್ಲಿ ಕಟ್ಟುವಂತೆ ಡೀಸೆಲ್ ಎಂಜಿನ್ನಿನ ಮಸಿಯು ಡಿಪಿಎಫ್ ಎಂಬ ಸೋಸುಕದಲ್ಲಿ ಕಟ್ಟುತ್ತದೆ. ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖ ಬಂದಾಗ ಗಾಡಿ ತಾನೇ ಆ ಮಸಿಯನ್ನು ಸುಟ್ಟುಹಾಕುತ್ತದೆ. ನಾಲ್ಕೈದು ಕಿಲೋಮೀಟರಿನ ಓಟದಲ್ಲಿ ಆ ಶಾಖ ಬರುವ ಮೊದಲೇ ತಾವು ಕೀಲಿ ತಿರುಗಿಸಿ ನಿಲ್ಲಿಸಿರುತ್ತೀರಿ. ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಅದಕ್ಕಾಗಿ ಸಿಲಿಂಡರಿಗೆ ಚಿಮ್ಮಿಸಿದ ಹೆಚ್ಚುವರಿ ಡೀಸೆಲ್ ಸ್ವಲ್ಪ ಸ್ವಲ್ಪವಾಗಿ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿರುವುದು ಕಂಡರೆ ಅದು ಅಪಾಯದ ಗುರುತು. ತೆಳುವಾದ ಆಯಿಲಿನಿಂದ ಮೊದಲು ಸವೆಯುವುದು ಬೇರಿಂಗ್ ಮತ್ತು ಟರ್ಬೊ. ಡಿಪಿಎಫ್ ಇರುವ ಎಂಜಿನ್ನಿಗೆ ಬೂದಿ ಕಡಿಮೆ ಬಿಡುವ ದರ್ಜೆಯ ಆಯಿಲನ್ನೇ, ಕೈಪಿಡಿಯಲ್ಲಿ ಬರೆದಂತೆ, ಹಾಕಿಸಬೇಕು. ಸೋಸುಕವನ್ನೇ ಕಿತ್ತು ಹಾಕಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಅದು ಕಾನೂನಿಗೂ ವಿರುದ್ಧ, ವಾರಂಟಿಯೂ ಹೋಗುತ್ತದೆ.

ತಮ್ಮ ಓಟಕ್ಕೆ ಸಿಎನ್‌ಜಿ ಅಥವಾ ಪೆಟ್ರೋಲಿನ ಸಣ್ಣ ಸರಕು ಗಾಡಿಯೇ ಯೋಗ್ಯ. ಸಿಎನ್‌ಜಿ ಪಂಪ್ ತಮ್ಮ ದಾರಿಯಲ್ಲೇ ಇದೆಯೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಡೀಸೆಲ್ಲನ್ನೇ ಕೊಳ್ಳುವುದಾದರೆ ವಾರಕ್ಕೊಮ್ಮೆಯಾದರೂ ಜಮಖಂಡಿ ಅಥವಾ ಲೋಕಾಪುರದ ಕಡೆಗೆ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸುವ ಕೆಲಸವಿರಬೇಕು. ಇನ್ನೊಂದು ಮಾತು: ಟ್ರ್ಯಾಕ್ಟರಿಗೆಂದು ಡ್ರಮ್ಮಿನಲ್ಲಿ ತುಂಬಿಟ್ಟ ಡೀಸೆಲ್ಲನ್ನು ಈ ಗಾಡಿಗಳಿಗೆ ಹಾಕಬೇಡಿ. ಇವುಗಳಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡ 2,000 ಬಾರ್‌ವರೆಗೂ ಹೋಗುತ್ತದೆ. ಡ್ರಮ್ಮಿನ ತಳದ ನೀರು, ತುಕ್ಕು ಕಣ್ಣಿಗೆ ಕಾಣದಷ್ಟಿದ್ದರೂ ಇಂಜೆಕ್ಟರ್ ಕೆಡುತ್ತದೆ. ನನ್ನ ಮೇಜಿಗೆ ಬರುವ ಇಂಜೆಕ್ಟರುಗಳಲ್ಲಿ ಇಂತಹವನ್ನು ನೋಡಿ ಪ್ರತಿ ಸಲವೂ ಸಂಕಟವಾಗುತ್ತದೆ, ಏಕೆಂದರೆ ತಪ್ಪಿಸಬಹುದಾಗಿದ್ದ ಖರ್ಚು ಅದು.

ಪ್ರಶ್ನೆ – ತರಕಾರಿ ವ್ಯಾಪಾರಸ್ಥರು, ಬೆಳಗಾವಿ

ಇನ್ನೆರಡು ವರ್ಷದಲ್ಲಿ ಡೀಸೆಲ್ ಗಾಡಿಗಳನ್ನೇ ನಿಲ್ಲಿಸುತ್ತಾರಂತೆ, ಹತ್ತು ವರ್ಷಕ್ಕೆ ಗುಜರಿಗೆ ಹಾಕಬೇಕಂತೆ. ನಿಜವೇ?

ಉತ್ತರ

ಹತ್ತು ವರ್ಷದ ಮಿತಿ ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದ ವಾಯುಮಾಲಿನ್ಯಕ್ಕಾಗಿ. ಕರ್ನಾಟಕದ ಗಾಡಿಗಳಿಗೆ ಅದು ಅನ್ವಯಿಸುವುದಿಲ್ಲ. ಡೀಸೆಲ್ ಗಾಡಿಗಳನ್ನೇ ನಿಲ್ಲಿಸುತ್ತಾರೆಂಬ ಮಾತಿನ ಮೂಲ, ಮಾಜಿ ಪೆಟ್ರೋಲಿಯಂ ಕಾರ್ಯದರ್ಶಿ ತರುಣ್ ಕಪೂರ್ ಅಧ್ಯಕ್ಷತೆಯ ಸಮಿತಿಯು 2023ರಲ್ಲಿ ಕೊಟ್ಟ ಶಿಫಾರಸು. ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಹಾಗೂ ಮಾಲಿನ್ಯ ಹೆಚ್ಚಿರುವ ಊರುಗಳಲ್ಲಿ 2027ರೊಳಗೆ ಡೀಸೆಲ್ ನಾಲ್ಕು ಚಕ್ರದ ವಾಹನಗಳನ್ನು ನಿಲ್ಲಿಸಬೇಕೆಂದು ಅದು ಹೇಳಿತ್ತು. ಶಿಫಾರಸು ಬೇರೆ, ಕಾನೂನು ಬೇರೆ. 2011ರ ಜನಗಣತಿಯಂತೆ ಬೆಳಗಾವಿ ನಗರದ ಜನಸಂಖ್ಯೆ ಐದು ಲಕ್ಷದ ಆಸುಪಾಸಿನಲ್ಲಿತ್ತು. ತಾವು ನಿತ್ಯ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ತರಕಾರಿ ಒಯ್ಯುವವರಾದರೆ, ಹೇರು ತುಂಬಿ ಆ ಏರಿಳಿತ ದಾಟಲು ಡೀಸೆಲ್ ಗಾಡಿಯೇ ಸರಿ. ಈ ಸುದ್ದಿಗೆ ಹೆದರಿ ನಿರ್ಧಾರ ಬದಲಿಸಬೇಡಿ. ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ, ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ ತಾವೇ ಚಾಲೂ ಮಾಡಿ ನೋಡಿ. ಮೊದಲೇ ಬಿಸಿ ಮಾಡಿ ನಿಲ್ಲಿಸಿದ ಗಾಡಿಯಲ್ಲಿ ಕೆಟ್ಟ ಇಂಜೆಕ್ಟರ್ ಗೊತ್ತಾಗುವುದಿಲ್ಲ.